ಹಾರಾ ಅನ್ನಿ, ಹರಾ ಅನ್ನಬೇಡಿ

ಎಲ್ಲರಿಗೂ ನಮಸ್ಕಾರ. ಅಕ್ಕಮ್ ಜಿರ್ತು?

ಈಗ ನಾನು ಕೇಳಿದ್ದು "ಹೇಗಿದ್ದೀರಿ" ಅಂತ. ಭಾಷೆ ಒರೊಮೋ. ಒಬ್ಬ ಗೆಳೆಯನನ್ನು ಕೇಳುವುದಾದರೆ "ಅಕ್ಕಮ್ ಜಿರ್ತ", ಹಿರಿಯರನ್ನು ಅಥವಾ ಹಲವರನ್ನು ಕೇಳುವುದಾದರೆ "ಜಿರ್ತು". ನಮ್ಮ ನೀನು, ನೀವು ಇದ್ದ ಹಾಗೆ. ನೋಡಿ, ಮೊದಲ ವಾಕ್ಯಕ್ಕೇ ಮನೆಯ ವಾಸನೆ ಬಂತು ಅಲ್ವಾ?

ಇಥಿಯೋಪಿಯಕ್ಕೆ ಪಾಠ ಹೇಳಲು ಹೋಗುವ ನಮ್ಮ ಮೇಷ್ಟ್ರುಗಳು ಇವತ್ತಿಗೂ ಇದ್ದಾರೆ. ಅವರು ಮೊದಲು ಕೇಳುವುದು, "ಅಲ್ಲಿ ಅಮ್ಹಾರಿಕ್ ಭಾಷೆ ಸಾಕಲ್ವಾ ಸಾರ್?" ಅಂತ. ಸಾಕಾಗಲ್ಲ. ಆ ದೇಶದಲ್ಲಿ ಎಲ್ಲಕ್ಕಿಂತ ದೊಡ್ಡ ಜನಸಮುದಾಯ ಒರೊಮೋ ಜನರದ್ದು. 3 ಕೋಟಿಗೂ ಜಾಸ್ತಿ ಜನ ಮನೆಯಲ್ಲಿ ಆಡುವ ಮಾತು ಇದು, ಉತ್ತರ ಕೀನ್ಯಾದಲ್ಲೂ ಇದೆ. ಅವರು ತಮ್ಮ ಭಾಷೆಯನ್ನು ಅಫಾನ್ ಒರೊಮೋ ಅನ್ನುತ್ತಾರೆ. ಅಫಾನ್ ಅಂದರೆ ಬಾಯಿ. ಒರೊಮೋ ಬಾಯಿ!

ಈಗ ನಾನು ಹೇಳಬೇಕಾದ ಒಂದೇ ಮಾತು. ದೀರ್ಘ ಇದ್ದಲ್ಲಿ ಎಳೆಯಿರಿ, ಒತ್ತು ಇದ್ದಲ್ಲಿ ಒತ್ತಿ. ಅಷ್ಟೇ. ಅ, ಇ, ಉ, ಎ, ಒ ಅಂತ ಅವರಿಗೆ ಐದು ಸ್ವರ, ಐದಕ್ಕೂ ಹ್ರಸ್ವ ಮತ್ತು ದೀರ್ಘ. ನಮ್ಮದೇ ಲೆಕ್ಕ. ಇಂಗ್ಲಿಷಿನವನು ಇದನ್ನು ಕಲಿಯಲು ಆರು ತಿಂಗಳು ಒದ್ದಾಡುತ್ತಾನೆ, ನಮಗೆ ಒಂದನೇ ಕ್ಲಾಸಿನಲ್ಲೇ ಕಾಗುಣಿತ ಬಾಯಿಪಾಠ ಆಗಿದೆ. ಆದರೂ ನಮ್ಮವರು ಎಡವುತ್ತಾರೆ. ಯಾಕೆ ಅಂದರೆ ಆ ಭಾಷೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತದೆ, ಕಣ್ಣಿಗೆ ಇಂಗ್ಲಿಷ್ ಕಂಡ ಕೂಡಲೇ ನಾವು ಕಾಗುಣಿತ ಮರೆತು ಬಿಡುತ್ತೇವೆ.

ನಾನೂ ಮರೆತವನೇ. ಬಿಶೋಫ್ತು ಅಂತ ಒಂದು ಊರು, ಅಡಿಸ್ ಅಬಾಬದಿಂದ ಆಗ್ನೇಯಕ್ಕೆ, ಬಸ್ಸಿನಲ್ಲಿ ಬೇಗ ಸಿಗುತ್ತದೆ. ಅಂದ ಹಾಗೆ ಅಡಿಸ್ ಅಬಾಬಕ್ಕೆ ಒರೊಮೋ ಜನ ಹೇಳುವ ಹೆಸರು ಫಿನ್ಫಿನ್ನೇ. ಬಿಶೋಫ್ತುವಿನ ವಿಶೇಷ ಅಂದರೆ ಕೆರೆಗಳು, ಹಳೆಯ ಜ್ವಾಲಾಮುಖಿಗಳ ಬಾಯಲ್ಲಿ ನೀರು ನಿಂತು ಆದ ಕೆರೆಗಳು. ಅಲ್ಲೇ ಒಂದು ಕೆರೆಯ ದಂಡೆಯಲ್ಲಿ ಮಳೆಗಾಲ ಮುಗಿದ ಮೇಲೆ ಇರ್ರೇಚಾ ಹಬ್ಬ, ಜನ ಕೈಯಲ್ಲಿ ಹಸಿ ಹುಲ್ಲು, ಹೂವು ಹಿಡಿದು ಬಂದು ದೇವರಿಗೆ ವಂದನೆ ಹೇಳುತ್ತಾರೆ. ನಾನು ಅಲ್ಲಿಗೆ ಮೇಷ್ಟ್ರಾಗಿ ಹೋದಾಗ ಸಿಕ್ಕ ಬಾಡಿಗೆ ಮನೆ ಸೋರುತ್ತಿತ್ತು. ಹೊಸ ಮನೆ ಹುಡುಕಲು ಒಬ್ಬ ದಲ್ಲಾಳಿಯ ಹತ್ತಿರ ಹೋದೆ. ಅವರೂ ದಲ್ಲಾಲ ಅಂತಲೇ ಅನ್ನುತ್ತಾರೆ, ಅವರಿಗೂ ನಮಗೂ ಆ ಪದ ಅರಬರಿಂದ ಬಂದದ್ದು. ಮನೆಗೆ ಅವರ ಮಾತು "ಮನ". ಇದು ಮಾತ್ರ ಸುಮ್ನೆ ಕಾಕತಾಳೀಯ, ನೆಂಟಸ್ತಿಕೆ ಹುಡುಕಬೇಡಿ. ಪುಸ್ತಕದಲ್ಲಿ ಓದಿದ್ದನ್ನು ಠೀವಿಯಿಂದ ಹೇಳಿದೆ: "ಮನ ಹರಾ ನನ್ ಬರ್ಬಾದ." ಬರ್ಬಾದ ಅಂದರೆ ಬೇಕು ಅಂತ, ನಮ್ಮ ಬರ್ಬಾದ್ ಅಲ್ಲ, ಆದರೆ ಆವತ್ತು ಎರಡೂ ಆಯಿತು.

ಅವನು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದ. ಖುಷಿಯಾಗಿ ಆಟೋ ಹತ್ತಿಸಿದ. ಇಳಿದು ನೋಡಿದರೆ ಎದುರಿಗೆ ಕೆರೆ, ದಂಡೆಯ ಮೇಲೆ ಗಾಜಿನ ಕಿಟಕಿಯ ಬಂಗಲೆ, ಹೂತೋಟ, ಗೇಟಿಗೆ ಕಾವಲುಗಾರ. ಬಾಡಿಗೆ ಕೇಳಿದೆ. ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ! ಇದು ಬೇಡ, ಹೊಸದು ಬೇಕು ಅಂತ ಮತ್ತೆ "ಹರಾ, ಹರಾ" ಅಂದೆ. ಅವನು ಮತ್ತೆ ಕೆರೆ ತೋರಿಸಿದ, ಇನ್ನೆಷ್ಟು ಹತ್ತಿರ ಬೇಕು ಮಾರಾಯ ಅನ್ನುವ ಹಾಗೆ. ಅಷ್ಟರಲ್ಲಿ ಕಾವಲುಗಾರ ನಗುತ್ತಾ ಬಂದು ಬಿಡಿಸಿ ಹೇಳಿದ. ಹರ ಅಂದರೆ ಕೆರೆ. ಕೊನೆ ಎಳೆದು ಹರಾ ಅಂದರೆ ಕೆರೆಯ. ಮೊದಲಕ್ಷರವನ್ನೂ ಎಳೆದು ಹಾರಾ ಅಂದರೆ ಮಾತ್ರ ಹೊಸದು. ನಾನು ಪಾಪ ಅವನ ಹತ್ತಿರ ಕೆರೆಯ ಮನೆ ಕೇಳಿದ್ದೆ. ಒಂದು ದೀರ್ಘ, ಸ್ವಾಮೀ, ಒಂದೇ ಒಂದು ದೀರ್ಘ!

ಕಥೆ ಉದ್ದವಾಯಿತು, ರೇಡಿಯೋ ನಿಲಯದವರು ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಒತ್ತಿನ ಉದಾಹರಣೆ: ಬದಾ ಅಂದರೆ ಕೆಟ್ಟದ್ದು, ಬದ್ದಾ ಅಂದರೆ ಎತ್ತರದ ಸೀಮೆ, ಮಲೆನಾಡು. ಮಲೆನಾಡಿನವರು ದಯವಿಟ್ಟು ಒತ್ತು ಬಿಡಬೇಡಿ. ಇಥಿಯೋಪಿಯದ ಹಳೆಯ ಲಿಪಿಯಲ್ಲಿ ಈ ಒತ್ತು ತೋರಿಸಲು ಜಾಗವೇ ಇಲ್ಲ. 1899ರಲ್ಲಿ ಒನೆಸಿಮೋಸ್ ನೆಸಿಬ್ ಒರೊಮೋ ಬೈಬಲ್ ಅಚ್ಚು ಮಾಡಿಸಿದ್ದು ಆ ಲಿಪಿಯಲ್ಲೇ. ಚಿಕ್ಕಂದಿನಲ್ಲಿ ಗುಲಾಮನಾಗಿ ಮಾರಾಟವಾಗಿದ್ದ ಮನುಷ್ಯ ಅವರು, ಅವರ ಕಥೆಗೇ ಇನ್ನೊಂದು ದಿನ ಬೇಕು. ಆಮೇಲೆ ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ಈ ಭಾಷೆಗೆ ಶಾಲೆಯೊಳಗೆ ಪ್ರವೇಶವೇ ಇರಲಿಲ್ಲ. 1991ರಲ್ಲಿ ಇಂಗ್ಲಿಷ್ ಅಕ್ಷರಗಳ ಕುಬೇ ಲಿಪಿ ಅಧಿಕೃತವಾಯಿತು. ಅದರಲ್ಲಿ ಸ್ವರ ಎರಡು ಸಲ ಬರೆದರೆ ದೀರ್ಘ, ವ್ಯಂಜನ ಎರಡು ಸಲ ಬರೆದರೆ ಒತ್ತು. ಓದುವಾಗ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ, ಎಡವಟ್ಟು ಆಗುವುದೇ ಇಲ್ಲ.

ಆದರೆ ಎಕ್ಸ್ ಕಂಡರೆ ಎಕ್ಸ್ ಅನ್ನಬೇಡಿ. ಅದು ತ, ಗಂಟಲು ಬಿಗಿಹಿಡಿದು ಪಟ್ಟನೆ ಸಿಡಿಸುವ ತ. ಕ್ಯೂ ಅದೇ ಥರದ ಕ, ಸಿ ಅದೇ ಥರದ ಚ. ಡಿ ಪಕ್ಕ ಎಚ್ ಇದ್ದರೆ ಧ ಅಲ್ಲ, ನಮ್ಮ ಡ, ಸ್ವಲ್ಪ ಒಳಗೆ ಎಳೆದುಕೊಂಡು.

ವಾಕ್ಯದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಕ್ರಿಯಾಪದ ಕೊನೆಗೆ ಬರುತ್ತದೆ. "ಅನಿ ಬುನ ನನ್ ಡುಗ", ನಾನು ಕಾಫಿ ಕುಡಿಯುತ್ತೇನೆ. ಬುನ ಅಂದರೆ ಕಾಫಿ. ನಮ್ಮ ಚಿಕ್ಕಮಗಳೂರಿನ ಅರೇಬಿಕಾ ಗಿಡದ ತವರುಮನೆ ಆ ದೇಶದ ಕಾಡುಗಳೇ. "ಬಿಶಾನ್ ನಾಫ್ ಕೆನ್ನಿ", ನೀರು ನನಗೆ ಕೊಡು. ಪದಕ್ಕೆ ಪದ ಕೂತಿತು ಅಲ್ವಾ? ಗುಣ ಹೇಳುವ ಪದ ಮಾತ್ರ ಹೆಸರಿನ ಹಿಂದೆ ಬರುತ್ತದೆ, ಮನ ಹಾರಾ, ಮನೆ ಹೊಸ. ಹೆಸರು ಕೇಳುವಾಗ "ಮಕಾನ್ ಕೇ ಏನ್ಯು" ಅನ್ನುತ್ತಾರೆ, ನಿನ್ನ ಹೆಸರು ಯಾರು ಅಂತ. ಏನು ಅಲ್ಲ, ಯಾರು! ನನಗಂತೂ ಇದು ಬಹಳ ಹಿಡಿಸಿತು.

ಒಂದರಿಂದ ಹತ್ತು ಹೇಳಿಕೊಡಬೇಕು ಅಂದುಕೊಂಡಿದ್ದೆ, ಈಗ ಮೂರೇ ಆಗುವುದು: ತೊಕ್ಕೊ, ಲಮ, ಸದೀ. ದೀ ಎಳೆಯಿರಿ. ಇನ್ನು ಥ್ಯಾಂಕ್ಸ್ ಹೇಳುವುದಕ್ಕೆ, ಒಬ್ಬರೇ ಇದ್ದರೆ ಗಲತೋಮಿ. ನೀವು ಬಹಳ ಜನ ಕೇಳುತ್ತಿದ್ದೀರಿ, ಹಾಗಾಗಿ ಗಲತೋಮಾ. ತೋ ಉದ್ದ, ಮಾ ಉದ್ದ.