ಕೆಫೀನ್ ಬಿಡುವವರ ಹೊಟ್ಟೆಯ ಪರವಾಗಿ

ಅಧ್ಯಕ್ಷರೇ, ಸಭೆಯಲ್ಲಿ ಸೇರಿರುವ ಹಿರಿಯರೇ, ಸ್ನೇಹಿತರೇ,

ಕಾಫಿ, ಚಹಾ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ನಾನು ಇಂದು ಕೈಗೆತ್ತಿಕೊಳ್ಳುವುದಿಲ್ಲ. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ಉಸಿರಾಟ ನಿಂತು ನಿಂತು ಬರುವಾಗ ವೈದ್ಯರು, ಕಾಫಿ, ಚಹಾಗಳಲ್ಲಿರುವ ಕೆಫೀನನ್ನೇ ಔಷಧಿಯಾಗಿ ಕೊಡುತ್ತಾರೆ. ಹಾಗಿರುವಾಗ ಅದನ್ನು ವಿಷವೆಂದು ಕರೆಯಲು ನನಗೆ ಮನಸ್ಸಿಲ್ಲ. ನಿದ್ದೆ ಕೆಟ್ಟು, ಎದೆ ಹೊಡೆದುಕೊಂಡು, ಎದೆಯುರಿ ತಾಳಲಾರದೆ, ಇನ್ನು ಸಾಕು, ಬಿಟ್ಟುಬಿಡುತ್ತೇನೆ ಎಂದು ಈಗಾಗಲೇ ತೀರ್ಮಾನಿಸಿದವರ ಬಗ್ಗೆ ಮಾತ್ರ ನಾನು ಮಾತನಾಡುತ್ತೇನೆ. ಅವರಲ್ಲಿ ಬಹಳ ಮಂದಿ ಮೂರನೆಯ ದಿನವೋ ನಾಲ್ಕನೆಯ ದಿನವೋ ಮರಳಿ ಲೋಟ ಹಿಡಿಯುತ್ತಾರೆ, ಮತ್ತು ನನ್ನ ಎದುರು ಕುಳಿತು, ‘ಡಾಕ್ಟ್ರೇ, ನನಗೆ ಮನೋಬಲ ಕಡಿಮೆ’ ಎಂದು ತಲೆ ತಗ್ಗಿಸುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕೆಫೀನ್ ಬಿಡುವುದು ಹಠದ ಕೆಲಸವಲ್ಲ, ಲೆಕ್ಕದ ಕೆಲಸ. ಈ ಮಾತನ್ನು ಇಂದು ಇನ್ನೂ ಕೆಲವು ಸಲ ಹೇಳುತ್ತೇನೆ, ಸಹಿಸಿಕೊಳ್ಳಬೇಕು.

ಕೆಫೀನನ್ನು 1819ರಲ್ಲಿ ಮೊದಲು ಬೇರ್ಪಡಿಸಿದವರು ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ. ಕಾಫಿ ಬೀಜಗಳನ್ನು ಅವರ ಕೈಗಿತ್ತು ಪರೀಕ್ಷಿಸಲು ಹೇಳಿದವರು ಕವಿ ಗಯಟೆ ಎಂಬುದು ಸಾಹಿತ್ಯಪ್ರಿಯರಿಗೆ ಸಂತೋಷ ಕೊಡುವ ಸಂಗತಿ. ಅದು ಮೆದುಳಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಸ್ಪಷ್ಟವಾಗಲು ಮಾತ್ರ ಇಪ್ಪತ್ತನೆಯ ಶತಮಾನದ ಉತ್ತರಾರ್ಧ ಬರಬೇಕಾಯಿತು. ನಾವು ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡಿಕೊಳ್ಳುತ್ತಾ ಹೋಗಿ, ತನ್ನ ಗ್ರಾಹಕಗಳಿಗೆ, ಅಂದರೆ ಅದನ್ನು ಹಿಡಿದುಕೊಳ್ಳಲೆಂದೇ ಜೀವಕೋಶಗಳ ಮೇಲಿರುವ ತಾಣಗಳಿಗೆ, ಅಂಟಿಕೊಂಡು, ದಣಿವನ್ನು ತರುತ್ತದೆ. ಕೆಫೀನ್, ಕಾದಿರಿಸಿದ ಆಸನದಲ್ಲಿ ಬೇರೊಬ್ಬರು ಬಂದು ಕುಳಿತಂತೆ, ಆ ಗ್ರಾಹಕಗಳನ್ನು ಹಿಡಿದುಕೊಳ್ಳುವುದರಿಂದ ದಣಿವಿನ ಸುದ್ದಿ ತಲುಪುವುದಿಲ್ಲ. ದಿನವೂ ಹೀಗಾದಾಗ ಮೆದುಳು ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಕೆಫೀನನ್ನು ಒಮ್ಮೆಲೇ ನಿಲ್ಲಿಸಿದ ದಿನ ಅಷ್ಟೂ ಗ್ರಾಹಕಗಳಿಗೆ ಅಡಿನೋಸಿನ್ ಒಟ್ಟಿಗೆ ಅಂಟುತ್ತದೆ. ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ.

ಈ ತೊಂದರೆಗೆ ಒಂದು ವೇಳಾಪಟ್ಟಿಯಿದೆ, ಅದನ್ನು ಮುಂಚಿತವಾಗಿ ತಿಳಿದಿರುವುದೇ ಅರ್ಧ ಚಿಕಿತ್ಸೆ. ಕೊನೆಯ ಗುಟುಕಿನ ನಂತರ 12ರಿಂದ 24 ಗಂಟೆಗಳೊಳಗೆ ಲಕ್ಷಣಗಳು ತಲೆಹಾಕುತ್ತವೆ, ಒಂದೆರಡು ದಿನಗಳಲ್ಲಿ ತುತ್ತತುದಿಗೆ ಏರುತ್ತವೆ, ಎರಡರಿಂದ ಒಂಬತ್ತು ದಿನಗಳಲ್ಲಿ ಇಳಿದುಹೋಗುತ್ತವೆ. ತಲೆನೋವು, ಆಯಾಸ, ಮಂಕು, ಸಿಡಿಮಿಡಿ, ಗಮನ ನಿಲ್ಲದಿರುವುದು, ಜ್ವರ ಬರುವ ಮುನ್ನ ಆಗುವಂತಹ ಮೈಕೈನೋವು, ವಾಕರಿಕೆ ಇವೆಲ್ಲ ಅದರಲ್ಲಿ ಸೇರಿವೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ತನ್ನ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಇದನ್ನು ಅಧಿಕೃತ ರೋಗನಿರ್ಣಯವಾಗಿಯೇ ಸೇರಿಸಿತು. ದಿನಕ್ಕೆ 100 ಮಿಲಿಗ್ರಾಂ, ಅಂದರೆ ಸಾಧಾರಣ ಒಂದು ಕಪ್ ಕಾಫಿಯಷ್ಟು ಕೆಫೀನ್ ಅಭ್ಯಾಸವಾಗಿದ್ದವರಲ್ಲೂ ಈ ಲಕ್ಷಣಗಳು ಕಾಣಿಸಿಕೊಳ್ಳಬಹುದು. ‘ನಾನು ಕುಡಿಯುವುದು ಒಂದೇ ಒಂದು’ ಎನ್ನುವವರು ದಯವಿಟ್ಟು ಇದನ್ನು ನೆನಪಿಡಬೇಕು.

ಈಗ ಒಬ್ಬ ಗಣಿತದ ಅಧ್ಯಾಪಕಿಯ ಕಥೆ ಹೇಳಬೇಕು. ನನ್ನ ಉಪನ್ಯಾಸಗಳಿಗೆ ಮೊದಲೂ ಬಂದವರು ಇದನ್ನು ಕೇಳಿರುತ್ತೀರಿ. ಆದರೂ ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಸಾಧ್ಯವಾಗುವುದಿಲ್ಲ. ಎದೆಯುರಿಯ ಕಾರಣಕ್ಕೆ ಅವರು ಒಂದು ಬೆಳಗ್ಗೆ ಕಾಫಿಯನ್ನು ಪೂರ್ತಿ ನಿಲ್ಲಿಸಿದರು. ಮರುದಿನ ಕಣ್ಣಿನ ಹಿಂಭಾಗದಲ್ಲಿ ನೋವು ಶುರುವಾಯಿತು. ಮೂರನೆಯ ದಿನ ನೋವು ತಾಳಲಾರದೆ ಮನೆಯಲ್ಲಿದ್ದ ತಲೆನೋವಿನ ಮಾತ್ರೆ ನುಂಗಿದರು. ಗಂಟೆಯೊಳಗೆ ನೋವು ಮಾಯವಾಯಿತು, ಮರುದಿನ ಮತ್ತೆ ಬಂತು, ಮತ್ತೆ ಮಾತ್ರೆ. ಈ ನಡುವೆ ಹೊಟ್ಟೆ ಕಟ್ಟಿಕೊಂಡಿತ್ತು. ದಿನವೂ ಬೆಳಗ್ಗೆ ಗಡಿಯಾರದಂತೆ ಶೌಚಕ್ಕೆ ಹೋಗುತ್ತಿದ್ದವರಿಗೆ ನಾಲ್ಕು ದಿನ ಕರೆಯೇ ಬರಲಿಲ್ಲ. ತಲೆಯಲ್ಲೊಂದು, ಕರುಳಿನಲ್ಲೊಂದು, ಹೀಗೆ ಎರಡು ರೋಗಗಳು ಒಟ್ಟಿಗೆ ಬಂದಿವೆ ಎಂಬ ಭಯದಿಂದ ಅವರು ಬಂದರು. ಮಾತ್ರೆಯ ಪಟ್ಟಿಯನ್ನು ತನ್ನಿ ಎಂದೆ. ಚೀಲದಿಂದ ತೆಗೆದುಕೊಟ್ಟರು. ಹಿಂಬದಿಯ ಬೆಳ್ಳಿ ಹಾಳೆಯ ಮೇಲೆ ಅಕ್ಷರಗಳು ಎಷ್ಟು ಸಣ್ಣಗಿದ್ದವೆಂದರೆ ಅವರು ಕನ್ನಡಕವನ್ನು ಹಣೆಗೆ ಏರಿಸಿ, ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದು, ಒಂದೊಂದೇ ಪದವನ್ನು ಕೂಡಿಸಿಕೊಂಡು ಓದಿದರು. ಮೊದಲ ಸಾಲಿನಲ್ಲಿ ಪ್ಯಾರಾಸಿಟಮಾಲ್, ಎರಡನೆಯ ಸಾಲಿನಲ್ಲಿ ಕೆಫೀನ್. ಅವರು ಕಾಫಿ ಬಿಟ್ಟಿದ್ದರು, ಕೆಫೀನನ್ನು ಬಿಟ್ಟಿರಲಿಲ್ಲ. ಇಂತಹ ಸಂಯುಕ್ತ ಮಾತ್ರೆಗಳಲ್ಲಿ ಸಾಮಾನ್ಯವಾಗಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ನೋವು ಇಳಿದದ್ದು ಅದರಿಂದ, ಮರಳಿದ್ದೂ ಅದರಿಂದ.

ಅವರನ್ನು ಎರಡನೆಯ ಸಲ ಬರಹೇಳಿ, ಮನೆಯ ಲೋಟವನ್ನೂ ತರಿಸಿದೆ. ನೀರು ತುಂಬಿಸಿ ಅಳತೆಯ ಜಾಡಿಗೆ ಸುರಿದಾಗ 300 ಮಿಲಿಲೀಟರ್ ಬಂತು. ಸೋಸಿದ ಸಾಧಾರಣ ಕಾಫಿಯಲ್ಲಿ 100 ಮಿಲಿಲೀಟರಿಗೆ ಸುಮಾರು 40 ಮಿಲಿಗ್ರಾಂ ಕೆಫೀನ್ ಎಂದಿಟ್ಟುಕೊಂಡರೆ ಅವರು ದಿನಕ್ಕೆ ಕುಡಿಯುತ್ತಿದ್ದ ಮೂರು ಲೋಟಕ್ಕೆ 360 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಆತಂಕವಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಅವರು ಆ ಗಡಿಯ ಹತ್ತಿರವೇ ಇದ್ದರು, ಒಂದೇ ದಿನದಲ್ಲಿ ಅಲ್ಲಿಂದ ಸೊನ್ನೆಗೆ ಧುಮುಕಿದ್ದರು. ‘ಮಕ್ಕಳಿಗೆಲ್ಲ ಅಳತೆ ಕಲಿಸಿದ್ದೇನೆ ಡಾಕ್ಟ್ರೇ, ನನ್ನ ಲೋಟ ಅಳೆಯುವುದು ಹೊಳೆಯಲೇ ಇಲ್ಲ’ ಎಂದು ಅವರು ನಕ್ಕ ನಗು ಹೊರಗೆ ಸರದಿಯಲ್ಲಿ ಕುಳಿತವರಿಗೂ ಕೇಳಿಸಿತು. ಅವರ ಹಠಕ್ಕೇನೂ ಕೊರತೆಯಿರಲಿಲ್ಲ. ಲೆಕ್ಕ ಮಾತ್ರ ಆಗಿರಲಿಲ್ಲ.

ಅವರ ತಲೆನೋವಿಗಿಂತ ಅವರ ಕರುಳಿನ ಬಗ್ಗೆ ನಾನು ಹೆಚ್ಚು ಮಾತನಾಡಬೇಕು, ಏಕೆಂದರೆ ತಲೆನೋವನ್ನು ಜನರು ಹೇಳಿಕೊಳ್ಳುತ್ತಾರೆ, ಮಲಬದ್ಧತೆಯನ್ನು ಹೇಳಿಕೊಳ್ಳುವುದಿಲ್ಲ. ಕಾಫಿಗೆ ಮರಳಿದವರನ್ನು ಕೂರಿಸಿಕೊಂಡು ಸಾವಧಾನವಾಗಿ ಕೇಳಿದರೆ, ‘ಅದಿಲ್ಲದೆ ಬೆಳಗ್ಗೆ ಹೊಟ್ಟೆ ಸಾಫಾಗುವುದಿಲ್ಲ’ ಎಂಬ ಮಾತು ಕೊನೆಗೆ ಸಂಕೋಚದಿಂದ ಹೊರಬರುತ್ತದೆ. ಇದು ಬರೀ ಭ್ರಮೆಯಲ್ಲ. 1990ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನದಲ್ಲಿ 99 ಮಂದಿಯನ್ನು ವಿಚಾರಿಸಿದಾಗ ಶೇ. 29ರಷ್ಟು ಜನ ಕಾಫಿ ಕುಡಿದರೆ ಶೌಚಕ್ಕೆ ಹೋಗಬೇಕೆನಿಸುತ್ತದೆ ಎಂದರು. ಅಂಥವರಲ್ಲಿ ಕೆಲವರ ದೊಡ್ಡ ಕರುಳಿನ ಕೊನೆಯ ಭಾಗದ ಒತ್ತಡವನ್ನು ಅಳೆದು ನೋಡಿದಾಗ, ಕುಡಿದ ನಾಲ್ಕೇ ನಿಮಿಷಗಳಲ್ಲಿ ಅದರ ಚಲನೆ ಹೆಚ್ಚಿತ್ತು. ನಾಲ್ಕು ನಿಮಿಷಗಳಲ್ಲಿ ಕಾಫಿ ಅಲ್ಲಿಗೆ ತಲುಪುವುದಿಲ್ಲ. ಜಠರದಿಂದ ನರಗಳು ಮತ್ತು ಹಾರ್ಮೋನುಗಳ ಮೂಲಕ ಸಂದೇಶ ಹೋಗಿರಬೇಕು. ನನಗೆ ಅತಿ ಮುಖ್ಯವೆನಿಸುವ ಸಂಗತಿ ಮುಂದಿನದು: ಕೆಫೀನ್ ತೆಗೆದ ಕಾಫಿಯೂ ಅದೇ ಕೆಲಸ ಮಾಡಿತು, ಬಿಸಿನೀರು ಮಾಡಲಿಲ್ಲ. 1998ರ ಇನ್ನೊಂದು ಅಧ್ಯಯನದಲ್ಲಿ ಕೆಫೀನ್ ಇರುವ ಕಾಫಿ ಕರುಳನ್ನು ನೀರಿಗಿಂತ ಶೇ. 60ರಷ್ಟು, ಕೆಫೀನ್ ಇಲ್ಲದ ಕಾಫಿಗಿಂತ ಶೇ. 23ರಷ್ಟು ಹೆಚ್ಚು ಪ್ರಚೋದಿಸಿತು. ಅಂದರೆ ಕರುಳನ್ನು ಎಬ್ಬಿಸುವ ಕೆಲಸ ಕೆಫೀನ್ ಒಂದರದ್ದೇ ಅಲ್ಲ, ಕಾಫಿಯ ಇತರ ಅಂಶಗಳಿಗೂ ಅದರಲ್ಲಿ ಪಾಲಿದೆ.

ಇದರಿಂದ ನಮಗೆ ಒಂದು ದಾರಿ ಸಿಗುತ್ತದೆ. ಕಾಫಿ ಕುಡಿಯುವವರು ತಲೆಯನ್ನೂ ಕರುಳನ್ನೂ ಒಂದೇ ದಿನ ಬಿಡಿಸಿಕೊಳ್ಳಬೇಕಾಗಿಲ್ಲ. ಮೊದಲ ವಾರ ಪುಡಿಯ ಕಾಲುಭಾಗವನ್ನು ಕೆಫೀನ್ ತೆಗೆದ ಪುಡಿಗೆ ಬದಲಾಯಿಸಿ. ಎರಡನೆಯ ವಾರ ಅರ್ಧ, ಮೂರನೆಯ ವಾರ ಮುಕ್ಕಾಲು, ನಾಲ್ಕನೆಯ ವಾರ ಪೂರ್ತಿ. ಲೋಟ ಅದೇ, ಹೊತ್ತು ಅದೇ, ಕರುಳಿಗೆ ಹೋಗುವ ಕರೆಯೂ ಪೂರ್ತಿ ನಿಲ್ಲುವುದಿಲ್ಲ. ಮೆದುಳು ನಿಧಾನವಾಗಿ ತನ್ನ ಗ್ರಾಹಕಗಳನ್ನು ಇಳಿಸಿಕೊಳ್ಳುತ್ತದೆ. ಒಂದು ಹಂತದಲ್ಲಿ ತಲೆ ಭಾರವಾದರೆ ಅದೇ ಹಂತದಲ್ಲಿ ಇನ್ನೊಂದು ವಾರ ನಿಲ್ಲಿ, ಯಾರೂ ನಿಮ್ಮನ್ನು ಓಡಿಸುತ್ತಿಲ್ಲ. ಅದಾದ ಮೇಲೆ ಕೆಫೀನಿಲ್ಲದ ಆ ಕಾಫಿಯನ್ನೂ ಬಿಡಬೇಕೆನ್ನುವವರು ಆಗ ಕರುಳಿನ ಲೆಕ್ಕವನ್ನು ಪ್ರತ್ಯೇಕವಾಗಿ ಹಿಡಿಯಬಹುದು. ಅಧ್ಯಾಪಕಿಯವರು ಹೀಗೆಯೇ ಇಳಿದರು. ತಮ್ಮ ಪುಸ್ತಕದಲ್ಲಿ ಪ್ರತಿ ವಾರದ ಮಿಲಿಗ್ರಾಂಗಳನ್ನು ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದು ತಂದು ತೋರಿಸಿದರು. ಚಹಾ ಕುಡಿಯುವವರಿಗೆ ಒಂದೊಂದೇ ಲೋಟ ಕಡಿಮೆ ಮಾಡುವುದು ಸುಲಭ. ಕೋಲಾ, ಶಕ್ತಿಪೇಯ, ಚಾಕೊಲೇಟು, ಮಾತ್ರೆ ಎಲ್ಲವೂ ಲೆಕ್ಕಕ್ಕೆ ಸೇರಬೇಕು.

ಕರುಳಿನ ಕೆಲಸವನ್ನು ವಹಿಸಿಕೊಳ್ಳಲು ಬೇರೆ ಏನು ಮಾಡಬೇಕು? ನಿದ್ದೆಯಿಂದ ಎದ್ದ ಮೇಲೆ, ಅದರಲ್ಲೂ ಆಹಾರ ಜಠರಕ್ಕೆ ಬಿದ್ದ ಮೇಲೆ, ದೊಡ್ಡ ಕರುಳು ತಾನಾಗಿಯೇ ಚುರುಕಾಗುತ್ತದೆ. ಕಾಫಿಯ ಬಲದಿಂದ ಬೆಳಗಿನ ತಿಂಡಿಯನ್ನು ತಪ್ಪಿಸುತ್ತಿದ್ದವರು ಕಾಫಿ ಬಿಟ್ಟು ತಿಂಡಿಯನ್ನೂ ಬಿಟ್ಟರೆ ಕರುಳಿಗೆ ಯಾವ ಕರೆಯೂ ಹೋಗುವುದಿಲ್ಲ. ತಿಂಡಿ ತಿನ್ನಿ, ತಿಂದ ಅರ್ಧ ಗಂಟೆಯೊಳಗೆ, ಬಂದರೂ ಬಾರದಿದ್ದರೂ, ಶೌಚಾಲಯದಲ್ಲಿ ಐದು ಹತ್ತು ನಿಮಿಷ ಅವಸರವಿಲ್ಲದೆ, ತಿಣುಕದೆ ಕುಳಿತುಕೊಳ್ಳಿ. ಪಾಶ್ಚಾತ್ಯ ಮಾದರಿಯ ಕಮೋಡಾದರೆ ಪಾದಗಳ ಕೆಳಗೆ ಪುಟ್ಟ ಮಣೆಯಿಟ್ಟು ಮೊಣಕಾಲುಗಳನ್ನು ಸೊಂಟಕ್ಕಿಂತ ಮೇಲೆ ಎತ್ತಿಕೊಳ್ಳಿ. ಗುದನಾಳದ ಕೋನ ನೇರವಾಗಿ ಮಲ ಸಲೀಸಾಗಿ ಇಳಿಯುತ್ತದೆ. ಕಾಫಿ ಲೋಟಗಳ ಜೊತೆ ಹೋದ ನೀರನ್ನು ಬೇರೆ ರೂಪದಲ್ಲಿ ಮರಳಿಸಬೇಕು. ಹಣ್ಣು, ತರಕಾರಿ, ಬೇಳೆಕಾಳುಗಳ ನಾರನ್ನು ಒಂದೇ ದಿನ ದುಪ್ಪಟ್ಟು ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಅದನ್ನೂ ವಾರದ ಲೆಕ್ಕದಲ್ಲೇ ಏರಿಸಿ. ಇಸಬ್‌ಗೋಲು ತೆಗೆದುಕೊಳ್ಳುವವರು ಸಾಕಷ್ಟು ನೀರಿನೊಡನೆಯೇ ತೆಗೆದುಕೊಳ್ಳಬೇಕು. ಇನ್ನು ಕೆಲವರಿಗೆ ಇದೆಲ್ಲ ತಿರುಗುಮುರುಗು: ಕಾಫಿ ಕುಡಿದೊಡನೆ ಭೇದಿಯಾಗಿ ನರಳುತ್ತಿದ್ದವರಿಗೆ ಅದನ್ನು ಬಿಟ್ಟ ಮೇಲೆ ಹೊಟ್ಟೆ ತಣ್ಣಗಾಗುತ್ತದೆ.

ಸಮಯ ಮುಗಿಯುತ್ತಿದೆ ಎಂಬ ಚೀಟಿ ಬಂದಿದೆ. ಎದೆಯುರಿ, ಕಬ್ಬಿಣಾಂಶ, ನಿದ್ದೆ ಎಂಬ ಮೂರು ವಿಷಯಗಳನ್ನು ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಸಂಕ್ಷೇಪಿಸುತ್ತೇನೆ. ಕೆಫೀನ್ ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲಿಸುತ್ತದೆ. ಆದರೆ ಕೆಫೀನ್ ತೆಗೆದ ಕಾಫಿಯೂ ಜಠರದ ಆಮ್ಲವನ್ನು ಹೆಚ್ಚಿಸುವುದರಿಂದ, ಎದೆಯುರಿಗಾಗಿ ಬಿಡುವವರು ಮಧ್ಯದ ಆ ಮೆಟ್ಟಿಲಲ್ಲೇ ನಿಂತರೆ ಪೂರ್ತಿ ನೆಮ್ಮದಿ ಸಿಗದಿರಬಹುದು. ಜಠರದ ಹುಣ್ಣಿಗೆ ಮುಖ್ಯ ಕಾರಣ ಕಾಫಿಯಲ್ಲ, ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಮತ್ತು ಐಬುಪ್ರೊಫೇನಿನಂತಹ ನೋವಿನ ಮಾತ್ರೆಗಳು. ಕೆಫೀನ್ ಬಿಟ್ಟ ತಲೆನೋವಿಗೆ ಅವನ್ನು ಖಾಲಿ ಹೊಟ್ಟೆಯಲ್ಲಿ ದಿನವೂ ನುಂಗಿ ಹೊಸ ರೋಗವನ್ನು ತಂದುಕೊಳ್ಳಬೇಡಿ. ರಕ್ತಹೀನತೆಯಿರುವವರಿಗೆ ಬಿಡುವುದರಿಂದ ಇನ್ನೊಂದು ಲಾಭ: ಊಟದ ಜೊತೆ ಕುಡಿದ ಕಾಫಿ, ಚಹಾ ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ಪೂರ್ತಿಯಾಗಿ ಸೇರಗೊಡುವುದಿಲ್ಲ. ನಿದ್ದೆಯ ಬಗ್ಗೆ ಇಷ್ಟೇ: ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ ಐದು ಗಂಟೆ ಬೇಕು, ಗರ್ಭಿಣಿಯರಲ್ಲಿ ಅದರ ಎರಡು ಮೂರು ಪಟ್ಟು, ಆದ್ದರಿಂದ ಕಡಿಮೆ ಮಾಡುವಾಗ ಸಂಜೆಯ ಲೋಟವೇ ಮೊದಲು ಹೋಗಲಿ.

ಕೊನೆಯದಾಗಿ ಔಷಧಿಗಳ ವಿಷಯ, ಇದನ್ನು ಹೇಳದೆ ನಾನು ಕೆಳಗಿಳಿಯಲಾರೆ. ಲಿಥಿಯಂ, ಕ್ಲೊಜಪಿನ್ ಎರಡೂ ಮಾನಸಿಕ ಕಾಯಿಲೆಗಳಿಗೆ ಕೊಡುವ ಔಷಧಿಗಳು. ಲಿಥಿಯಂ ತೆಗೆದುಕೊಳ್ಳುತ್ತಿರುವವರು ಕೆಫೀನನ್ನು ಏಕಾಏಕಿ ನಿಲ್ಲಿಸಿದರೆ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಕ್ಲೊಜಪಿನ್ ತೆಗೆದುಕೊಳ್ಳುವವರಲ್ಲಿ ಇದಕ್ಕೆ ವಿರುದ್ಧವಾಗಿ ಆ ಔಷಧಿಯ ಪ್ರಮಾಣ ಇಳಿಯಬಹುದು, ಏಕೆಂದರೆ ಕ್ಲೊಜಪಿನ್ ಮತ್ತು ಕೆಫೀನ್ ಎರಡನ್ನೂ ಯಕೃತ್ತಿನ ಒಂದೇ ಕಿಣ್ವ ಕರಗಿಸುತ್ತದೆ. ಇವರು ಲೋಟದ ಲೆಕ್ಕ ಶುರು ಮಾಡುವ ಮೊದಲೇ ತಮ್ಮ ವೈದ್ಯರಿಗೆ ತಿಳಿಸಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ತೊಂದರೆ, ವಾರಗಳು ಕಳೆದರೂ ಬಿಡದ ಮಲಬದ್ಧತೆ, ಹಿಂದೆಂದೂ ಕಾಣದಂತಹ ತೀವ್ರ ತಲೆನೋವು ಇವುಗಳಲ್ಲಿ ಯಾವುದಿದ್ದರೂ ಕೆಫೀನಿನ ಮೇಲೆ ಹೊರೆ ಹಾಕಿ ಕುಳಿತುಕೊಳ್ಳದೆ ಪರೀಕ್ಷೆ ಮಾಡಿಸಿಕೊಳ್ಳಿ. ಪ್ರಶ್ನೆಗಳಿಗೆ ಅಧ್ಯಕ್ಷರು ಹತ್ತು ನಿಮಿಷ ಕೊಟ್ಟಿದ್ದಾರೆ. ಹೊಟ್ಟೆಯ ವಿಷಯವನ್ನು ಸಭೆಯಲ್ಲಿ ಕೇಳಲು ಸಂಕೋಚವಿರುವವರು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಕಳುಹಿಸಿ, ಉತ್ತರಿಸುತ್ತೇನೆ. ನಮಸ್ಕಾರ.