ದಂಡ ಬಟ್ಟೆಗೆ, ಸೋಂಕು ಸಂದಿಗೆ

200, 1,000, 250. ಲಾಟರಿ ನಂಬರ್ ಅಲ್ಲ, 2020ರ ಕೋವಿಡ್ ಕಾಲದಲ್ಲಿ ಬೆಂಗಳೂರಿನಲ್ಲಿ ಮಾಸ್ಕ್ ಇಲ್ಲದ ಮುಖಕ್ಕೆ ಬಿದ್ದ ದಂಡ. ಮೇ ತಿಂಗಳಲ್ಲಿ 200 ರೂಪಾಯಿ ಇತ್ತು. ಅಕ್ಟೋಬರ್ ಹೊತ್ತಿಗೆ ಏಕಾಏಕಿ 1,000 ಆಯಿತು. ಜನ ಬೈದರು, ಕೆಲವೇ ದಿನಗಳಲ್ಲಿ 250ಕ್ಕೆ ಇಳಿಯಿತು. ಈ ಮೂರು ಅಂಕಿಗಳ ಮೇಲೆ ನಾವು ಕಿತ್ತಾಡಿದ್ದರಲ್ಲಿ ಕಾಲು ಭಾಗವೂ ಮಾಸ್ಕ್ ಕೆಲಸ ಮಾಡುವುದು ಹೇಗೆ ಅನ್ನುವುದರ ಮೇಲೆ ಆಗಲಿಲ್ಲ.

ದಂಡ ಹಾಕುವ ಪಾಲಿಕೆಯ ಮಾರ್ಷಲ್ ನೋಡುತ್ತಿದ್ದದ್ದು ಒಂದೇ: ಮೂಗು ಬಾಯಿ ಮೇಲೆ ಏನಾದರೂ ಇದೆಯಾ? ಕರ್ಚೀಫ್ ಆದರೂ ಸೈ, ದುಪಟ್ಟಾ ಆದರೂ ಸೈ, ವಾರಗಟ್ಟಲೆ ಒಗೆಯದ ಸ್ಪಾಂಜ್ ಮಾಸ್ಕ್ ಆದರೂ ಸೈ. ಬಯಲಲ್ಲಿ ಒಬ್ಬನೇ ಸ್ಕೂಟರ್ ಓಡಿಸುವವನಿಗೂ ಮಾಸ್ಕ್ ಕಡ್ಡಾಯ. ಅದೇ ರಸ್ತೆಯ ಎಸಿ ಹೋಟೆಲಿನೊಳಗೆ ಕೂತವರು ಮಾಸ್ಕ್ ಬಿಚ್ಚಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಉಂಡು ಹರಟಬಹುದಿತ್ತು. ಬಾಗಿಲಲ್ಲಿ ಹಣೆಗೆ ಗನ್ ಹಿಡಿದು ಜ್ವರ ನೋಡಿದರೆ ಮುಗಿಯಿತು. ಜ್ವರ ಬರುವ ಮೊದಲೇ ಹರಡುವ ರೋಗಕ್ಕೆ ಆ ಗನ್ ಏನು ಮಾಡೀತು? ದಂಡ ಹಾಕಿದ್ದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಮುಖ ನೋಡಿ ಹಾಕಿದರು, ಗಾಳಿ ನೋಡಿ ಹಾಕಬೇಕಿತ್ತು. ನಮ್ಮ ತಕರಾರು ಅಷ್ಟೇ.

ಗಾಳಿಯ ವಿಷಯ ಅರ್ಥವಾಗಲು ಲ್ಯಾಬ್ ಬೇಡ, ಅಡುಗೆಮನೆ ಸಾಕು. ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಡಿ. ಬಾಣಲೆಯಿಂದ ಸಿಡಿದ ಎಣ್ಣೆ ಹನಿ ಒಲೆಯ ಪಕ್ಕದಲ್ಲೇ ಬೀಳುತ್ತದೆ. ಘಾಟು ಮಾತ್ರ ಹಾಲ್ ದಾಟಿ ಮಲಗುವ ಕೋಣೆಯಲ್ಲಿದ್ದವರನ್ನೂ ಕೆಮ್ಮಿಸುತ್ತದೆ. ಕೆಮ್ಮಿದಾಗ, ಸೀನಿದಾಗ ಹಾರುವ ದೊಡ್ಡ ಹನಿ ಆ ಎಣ್ಣೆಯ ಹಾಗೆ. ಮಾತಾಡುವಾಗ, ಬರೀ ಉಸಿರಾಡುವಾಗ ಹೊರಬರುವ ಸಣ್ಣ ಕಣಗಳು ಘಾಟಿನ ಹಾಗೆ, ಮುಚ್ಚಿದ ಕೋಣೆಯಲ್ಲಿ ತೇಲುತ್ತಲೇ ಇರುತ್ತವೆ. ಆರು ಅಡಿ ಅಂತರ, ಕೌಂಟರ್ ಮುಂದೆ ಪ್ಲಾಸ್ಟಿಕ್ ಹಾಳೆ, ನೆಲಕ್ಕೆ ಬಳಿದ ಬಿಳಿ ವೃತ್ತ ಎಲ್ಲವೂ ಎಣ್ಣೆ ಹನಿಗೆ ಮಾಡಿದ ಏರ್ಪಾಡು. ಘಾಟಿಗೆ ಕಿಟಕಿ ತೆಗೆಯಿರಿ ಅಂತ ಗಟ್ಟಿಯಾಗಿ ಹೇಳಿದವರು ಕಡಿಮೆ.

ಇದಕ್ಕೆ ಕಾರಣ ಇದೆ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆಯೇ ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಅಂತ ಟ್ವೀಟ್ ಮಾಡಿತ್ತು. ಆರೋಗ್ಯವಂತರಿಗೆ ಮಾಸ್ಕ್ ಅಗತ್ಯವಿಲ್ಲ ಅನ್ನುವುದೂ ಅದರ ಆಗಿನ ನಿಲುವೇ. ಇದ್ದ ಮಾಸ್ಕ್ ಆಸ್ಪತ್ರೆ ಸಿಬ್ಬಂದಿಗೆ ಉಳಿಯಲಿ ಅನ್ನುವ ಚಿಂತೆ ಅದರ ಹಿಂದಿತ್ತು. ಏಪ್ರಿಲ್ ಮಧ್ಯದಲ್ಲಿ ನಮ್ಮ ಕೇಂದ್ರ ಗೃಹ ಇಲಾಖೆ ಸಾರ್ವಜನಿಕ ಜಾಗಗಳಲ್ಲಿ ಮಾಸ್ಕ್ ಕಡ್ಡಾಯ ಮಾಡಿದಾಗ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಒಪ್ಪಿರಲಿಲ್ಲ. ಅದು ಮಾತು ಬದಲಿಸಿದ್ದು ಜೂನ್ 5ರಂದು. 'ಇರುವುದು ಕಡಿಮೆ, ಡಾಕ್ಟರು ನರ್ಸುಗಳಿಗೆ ಬಿಡಿ' ಅಂತ ನೇರವಾಗಿ ಹೇಳಿದ್ದರೆ ಜನ ಕೇಳುತ್ತಿದ್ದರು. 'ನಿಮಗೆ ಪ್ರಯೋಜನವಿಲ್ಲ' ಅಂದು, ಎರಡೇ ತಿಂಗಳಲ್ಲಿ 'ಹಾಕಿಕೊಳ್ಳಲೇಬೇಕು' ಅಂದರೆ? ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲಿಲ್ಲ. ಮಾಸ್ಕ್ ವಿರೋಧಿಗಳಿಗೆ ಇವತ್ತಿಗೂ ಅದೇ ಬಂಡವಾಳ.

ಅವರ ಇನ್ನೊಂದು ವಾದ: ವೈರಸ್ 0.1 ಮೈಕ್ರಾನ್, ಮಾಸ್ಕಿನ ತೂತು ಅದಕ್ಕಿಂತ ಎಷ್ಟೋ ದೊಡ್ಡದು, ದನದ ದೊಡ್ಡಿಯ ಬೇಲಿಯಿಂದ ಸೊಳ್ಳೆ ತಡೆದ ಹಾಗಾಯಿತು. ಕೇಳಲು ಚೆನ್ನಾಗಿದೆ. ಆದರೆ ಮಾಸ್ಕ್ ಜರಡಿ ಅಲ್ಲ. ಒಂದನೆಯದಾಗಿ ವೈರಸ್ ಬೆತ್ತಲೆಯಾಗಿ ಹಾರುವುದಿಲ್ಲ, ಎಂಜಲು ಲೋಳೆಯ ಕಣದೊಳಗೆ ಕೂತು ಬರುತ್ತದೆ. ಎರಡನೆಯದು, ಒಳಗಿನ ಮೆಲ್ಟ್‌ಬ್ಲೋನ್ ಪದರದ, ಅಂದರೆ ಪ್ಲಾಸ್ಟಿಕ್ ಕರಗಿಸಿ ಊದಿ ಮಾಡಿದ ಪದರದ, ಎಳೆಗಳಲ್ಲಿ ವಿದ್ಯುತ್ ಚಾರ್ಜ್ ಇರುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯುವುದಿಲ್ಲವೇ, ಹಾಗೆ ಕಣವನ್ನು ಎಳೆದುಕೊಳ್ಳುತ್ತದೆ. ತೀರಾ ಸಣ್ಣ ಕಣ ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆಯುತ್ತ ಕುಡುಕನಂತೆ ಅಡ್ಡಾದಿಡ್ಡಿ ಚಲಿಸಿ ಯಾವುದೋ ಎಳೆಗೆ ಅಂಟುತ್ತದೆ, ದೊಡ್ಡದು ತಿರುವಿನಲ್ಲಿ ನೇರ ಹೋಗಿ ಗುದ್ದುತ್ತದೆ. ನುಸುಳುವುದು ಹೆಚ್ಚಾಗಿ ನಡುವಿನದು, ಸುಮಾರು 0.3 ಮೈಕ್ರಾನಿನದು. ಎನ್95 ಮಾಸ್ಕನ್ನು ಪರೀಕ್ಷೆ ಮಾಡುವುದೇ ಆ ಕಷ್ಟದ ಗಾತ್ರದಲ್ಲಿ. ಅಲ್ಲಿ ಶೇ. 95 ಹಿಡಿದರೆ ಉಳಿದ ಗಾತ್ರಗಳಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ.

ಎನ್95 ಒಗೆಯಬಾರದು, ಸ್ಯಾನಿಟೈಸರ್ ಸಿಂಪಡಿಸಬಾರದು ಅನ್ನುವುದೂ ಇದಕ್ಕೇ. ಸೋಪು, ಆಲ್ಕೋಹಾಲ್ ತಾಗಿದರೆ ಚಾರ್ಜ್ ಹೋಗುತ್ತದೆ. ಮಾಸ್ಕ್ ನೋಡಲು ಹೊಸದರಂತೆಯೇ ಇರುತ್ತದೆ, ಇನ್ನೂ ಬೆಳ್ಳಗಾಗಿರುತ್ತದೆ, ಕೆಲಸ ಮಾತ್ರ ಅರ್ಧಂಬರ್ಧ. ಮತ್ತೆ ಬಳಸಬೇಕೆಂದರೆ ನಾಲ್ಕೈದು ಮಾಸ್ಕ್ ಇಟ್ಟುಕೊಂಡು, ದಿನಕ್ಕೊಂದರಂತೆ ಹಾಕಿ, ಬಿಚ್ಚಿದ್ದನ್ನು ಕಾಗದದ ಕವರಿನಲ್ಲಿ ಒಣಗಲು ಬಿಡಿ. ಪ್ಲಾಸ್ಟಿಕ್ ಕವರ್ ಬೇಡ, ಬೆವರು ಒಳಗೇ ಉಳಿಯುತ್ತದೆ. ಎಲಾಸ್ಟಿಕ್ ಸಡಿಲವಾದರೆ, ಒದ್ದೆಯಾದರೆ, ಉಸಿರೆಳೆಯುವುದು ಭಾರವಾದರೆ ಬಿಸಾಡಿ.

ಕೊಳ್ಳುವಾಗ ಮಾಸ್ಕಿನ ಪಟ್ಟಿ ನೋಡಿ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನಿಯಾಶ್ ಒಪ್ಪಿದ ಎನ್95ಗೆ ತಲೆಯ ಹಿಂದೆ ಹೋಗುವ ಎರಡು ಪಟ್ಟಿ ಇರುತ್ತದೆ. ಕಿವಿಗೆ ಸಿಕ್ಕಿಸುವ ಮಾಸ್ಕಿನ ಮೇಲೆ ಎನ್95 ನಿಯಾಶ್ ಅಂತ ಅಚ್ಚು ಹಾಕಿದ್ದರೆ ನಕಲಿ. ಮಕ್ಕಳ ಎನ್95 ಅಂತ ನಿಯಾಶ್ ಹೆಸರಲ್ಲಿ ಮಾರುವುದೂ ನಕಲಿ, ಆ ಸಂಸ್ಥೆ ಮಕ್ಕಳ ಮಾಸ್ಕಿಗೆ ಒಪ್ಪಿಗೆ ಕೊಡುವುದೇ ಇಲ್ಲ. ನಮ್ಮ ದೇಶದ್ದಾದರೆ ಮಾಸ್ಕಿನ ಭಾರತೀಯ ಮಾನಕ ಐಎಸ್ 9473, ಎನ್95ಗೆ ಹತ್ತಿರದ ದರ್ಜೆ ಎಫ್‌ಎಫ್‌ಪಿ2 ಅಂತ ಇದೆಯೇ, ಐಎಸ್‌ಐ ಗುರುತಿದೆಯೇ ನೋಡಿ. ಮುಂದೆ ಗುಂಡಿಯಂಥ ವಾಲ್ವ್ ಇರುವುದು ಬೇಡ. ಹಾಕಿಕೊಂಡವರ ಉಸಿರು ಸೋಸದೆ ಸೀದಾ ಹೊರಗೆ ಹೋಗುತ್ತದೆ ಅಂತ 2020ರ ಜುಲೈನಲ್ಲೇ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಪತ್ರ ಬರೆದಿತ್ತು. ಪೆಟ್ಟಿಯಲ್ಲಿ ಬರುವ ಮೂರು ಪದರದ ನೀಲಿ ಸರ್ಜಿಕಲ್ ಮಾಸ್ಕ್ ತಂದರೆ ಒಂದನ್ನು ಕತ್ತರಿಸಿ ನೋಡಿ. ಎರಡೇ ಪದರ ಸಿಕ್ಕಿದರೆ ಸೋಸುವ ನಡುವಿನ ಪದರವೇ ಇಲ್ಲ, ಬರೀ ಪರದೆ.

ಈಗ ಹಾಕಿಕೊಳ್ಳುವ ವಿಷಯ, ಹೆಚ್ಚಿನ ಮಾಸ್ಕ್ ಸೋಲುವುದು ಇಲ್ಲೇ. ಗಾಳಿ ಸೋಮಾರಿ. ಬಟ್ಟೆಯೊಳಗೆ ನುಗ್ಗುವ ಕಷ್ಟ ಯಾಕೆ ಅಂತ ಮೂಗಿನ ಪಕ್ಕದ ಸಂದಿಯಲ್ಲಿ ಹೋಗಿಬಿಡುತ್ತದೆ. ಎನ್95 ಅನ್ನು ಮೊದಲು ಗಲ್ಲದ ಕೆಳಗೆ ಕೂರಿಸಿ, ಮೇಲಿನ ಪಟ್ಟಿ ಕಿವಿಯ ಮೇಲಿಂದ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗಿಂದ ಕುತ್ತಿಗೆಗೆ. ಮೂಗಿನ ತಂತಿಯನ್ನು ಒಂದು ಕೈಯಲ್ಲಿ ಚಿವುಟಬೇಡಿ, ಗೋಪುರದ ಹಾಗೆ ಚೂಪಾಗಿ ಎರಡೂ ಬದಿ ಬಾಯಿ ಬಿಡುತ್ತದೆ. ಎರಡೂ ಕೈಬೆರಳಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ ಬನ್ನಿ. ಆಮೇಲೆ ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ, ಕನ್ನಡಕ ಮಂಜಾದರೆ ತಂತಿ ಸರಿಯಿಲ್ಲ. ಕೆನ್ನೆ ಹತ್ತಿರ ತಾಗಿದರೆ ಪಟ್ಟಿ ಸರಿಯಿಲ್ಲ. ಗಡ್ಡ ಇದ್ದರೆ ಅಂಚು ಕೂರುವುದೇ ಇಲ್ಲ. ಪೂರ್ತಿ ರಕ್ಷಣೆ ಬೇಕೆಂದರೆ ಬೋಳಿಸುವುದೊಂದೇ ದಾರಿ, ಬೇಜಾರಾದರೂ ನಿಜ.

ನೀಲಿ ಮಾಸ್ಕಿಗೂ ಒಂದು ಉಪಾಯ ಇದೆ. ಉದ್ದಕ್ಕೆ ಅರ್ಧ ಮಡಚಿ, ಕಿವಿದಾರಕ್ಕೆ ಮಾಸ್ಕಿನ ಅಂಚಿಗೆ ತಾಗುವಂತೆ ಗಂಟು ಹಾಕಿ, ಬಿಡಿಸಿದಾಗ ಪಕ್ಕದಲ್ಲಿ ಉಬ್ಬುವ ಬಟ್ಟೆಯನ್ನು ಒಳಗೆ ಮಡಚಿ. ಇಲ್ಲವೇ ಅದರ ಮೇಲೊಂದು ಬಿಗಿಯಾದ ಬಟ್ಟೆ ಮಾಸ್ಕ್ ಹಾಕಿ. ಎರಡು ನೀಲಿ ಮಾಸ್ಕ್ ಒಟ್ಟಿಗೆ ಹಾಕಿದರೆ ಲಾಭವಿಲ್ಲ, ಸಂದಿ ಹಾಗೇ ಇರುತ್ತದೆ.

'ಅಧ್ಯಯನ ಏನು ಹೇಳುತ್ತದೆ?' ಡೆನ್ಮಾರ್ಕಿನಲ್ಲಿ ಸುಮಾರು 6,000 ಜನರ ಮೇಲೆ ನಡೆದ ಪ್ರಯೋಗದಲ್ಲಿ ಮಾಸ್ಕ್ ಹಾಕಿ ಅಂತ ಹೇಳಿಸಿಕೊಂಡವರಲ್ಲಿ ಶೇ. 1.8, ಹೇಳಿಸಿಕೊಳ್ಳದವರಲ್ಲಿ ಶೇ. 2.1 ಸೋಂಕು. ವ್ಯತ್ಯಾಸ ಗಟ್ಟಿಯಾಗಿ ಹೇಳುವಷ್ಟು ದೊಡ್ಡದಲ್ಲ. ಆದರೆ ಹೇಳಿದ ಹಾಗೆಯೇ ಹಾಕಿದೆವು ಅಂದವರು ಅರ್ಧದಷ್ಟೂ ಇರಲಿಲ್ಲ, ಮತ್ತು ಪ್ರಯೋಗ ಅಳೆದದ್ದು ಹಾಕಿಕೊಂಡವರಿಗೆ ಆದ ಲಾಭ ಮಾತ್ರ, ಎದುರಿದ್ದವರಿಗೆ ಆದದ್ದಲ್ಲ. ನಮ್ಮ ಊರುಗಳಿಗೆ ಹತ್ತಿರವಾದದ್ದು ಬಾಂಗ್ಲಾದೇಶದ್ದು: 600 ಹಳ್ಳಿ, ಮೂರು ಲಕ್ಷಕ್ಕೂ ಹೆಚ್ಚು ಜನ. ಮಾಸ್ಕ್ ಹಂಚಿ, ಮನವೊಲಿಸಿ, ಸರಿಯಾಗಿ ಹಾಕುವವರ ಪ್ರಮಾಣವನ್ನು ಶೇ. 13ರಿಂದ 42ಕ್ಕೆ ಏರಿಸಿದರು. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಲಕ್ಷಣ ಸಹಿತ ಸೋಂಕು ಸುಮಾರು ಶೇ. 11 ಇಳಿಯಿತು, 60 ದಾಟಿದವರಲ್ಲಿ ಸುಮಾರು ಶೇ. 35. ಬಟ್ಟೆ ಮಾಸ್ಕಿನಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಇದು ಪವಾಡ ಅಲ್ಲ, ಶೂನ್ಯವೂ ಅಲ್ಲ. ಟಿವಿ ಚರ್ಚೆಗೆ ಮಾತ್ರ ಇಂಥ ಉತ್ತರ ಒಗ್ಗುವುದಿಲ್ಲ.

ವಿರೋಧಿಸಿದವರ ಮಾತೆಲ್ಲ ಪೊಳ್ಳಲ್ಲ. ಮಾಸ್ಕಿನಿಂದ ಆಮ್ಲಜನಕ ಕಡಿಮೆಯಾಗುತ್ತದೆ ಅನ್ನುವುದು ಸುಳ್ಳು, ಆ ಅಣು ವೈರಸ್ಸಿಗಿಂತ ನೂರಾರು ಪಟ್ಟು ಸಣ್ಣದು. ಆದರೆ ಬೇಸಿಗೆಯಲ್ಲಿ ಮೂಟೆ ಹೊರುವವರಿಗೆ, ತೀವ್ರ ಉಬ್ಬಸ ಇದ್ದವರಿಗೆ ಆಗುವ ಉಸಿರಿನ ಭಾರ ನಿಜ. ತುಟಿ ನೋಡಿ ಮಾತು ತಿಳಿಯುವ ಕಿವುಡರಿಗೆ ಆದ ತೊಂದರೆ ನಿಜ. ಐದು ವರ್ಷದ ಒಳಗಿನ ಮಕ್ಕಳಿಗೆ ಮಾಸ್ಕ್ ಬೇಡ ಅಂತ ಕೇಂದ್ರದ ಮಾರ್ಗಸೂಚಿಯೇ 2021ರಲ್ಲಿ ಹೇಳಿತು. ಇನ್ನು ದೊಡ್ಡವರಿಗೊಂದು ನ್ಯಾಯ, ಬಡವರಿಗೊಂದು ಅನ್ನುವ ಸಿಟ್ಟು? 2021ರ ಜನವರಿಯ ಬೆಳಗಾವಿ ಬಿಜೆಪಿ ಸಮಾವೇಶವನ್ನೂ, 2022ರ ಜನವರಿಯ ಕಾಂಗ್ರೆಸ್ಸಿನ ಮೇಕೆದಾಟು ಪಾದಯಾತ್ರೆಯನ್ನೂ ಹೈಕೋರ್ಟೇ ಪ್ರಶ್ನಿಸಬೇಕಾಯಿತು. ತರಕಾರಿ ಗಾಡಿಯವನಿಗೆ ರಸೀತಿ ಹರಿಯಲು ಯಾವ ಕೋರ್ಟೂ ಬೇಕಾಗಲಿಲ್ಲ.

ಹಾಗಾದರೆ ನಿಯಮ ಹೇಗಿರಬೇಕಿತ್ತು? ಬಯಲಲ್ಲಿ ಒಬ್ಬರೇ ಇದ್ದರೆ ಬಿಡಿ. ಆಸ್ಪತ್ರೆಯ ಕಾಯುವ ಹಾಲ್, ಎಸಿ ಬಸ್, ಲಿಫ್ಟ್, ಕಾಲ್ ಸೆಂಟರ್, ಇಲ್ಲಿ ಒಳ್ಳೆಯ ಮಾಸ್ಕ್, ಅದೂ ಪುಕ್ಕಟೆ. ಕಲ್ಯಾಣ ಮಂಟಪದಲ್ಲಿ ಎಷ್ಟು ಜನ ಅಂತ ಎಣಿಸುವ ಜೊತೆಗೆ ಊಟದ ಹಾಲಿನ ಕಿಟಕಿ ಎಷ್ಟು ತೆರೆದಿವೆ ಅಂತ ಎಣಿಸಬೇಕಿತ್ತು. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಕೋಣೆಯ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಇದನ್ನು ಆದೇಶದ ಮೊದಲ ಸಾಲಿನಲ್ಲೇ ಬರೆಯಬಹುದಿತ್ತು.

ಮನೆಯಲ್ಲಿ ಯಾರಿಗಾದರೂ ಫ್ಲೂ ಬಂದರೂ ಲೆಕ್ಕ ಇದೇ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲ ಬದಲಾಗಬೇಕೆಂದರೆ 170 ಘನ ಮೀಟರ್ ಎಳೆಯುವ ಎಕ್ಸಾಸ್ಟ್ ಫ್ಯಾನ್ ಬೇಕು, ಸಾಮರ್ಥ್ಯವನ್ನು ಡಬ್ಬಿಯ ಮೇಲೆ ಬರೆದಿರುತ್ತಾರೆ. ರೆಕ್ಕೆಗೆ ಜಿಡ್ಡು ಹಿಡಿದಿದ್ದರೆ ಅಷ್ಟು ಎಳೆಯುವುದಿಲ್ಲ. ಎದುರು ಬದಿಯ ಕಿಟಕಿ ನಾಲ್ಕು ಬೆರಳಾದರೂ ತೆರೆದಿರಬೇಕು, ಇಲ್ಲವಾದರೆ ಫ್ಯಾನ್ ಬರೀ ಸದ್ದು ಮಾಡುತ್ತದೆ. ಮನೆಯಲ್ಲಿ ಒಂದೇ ಮಾಸ್ಕ್ ಉಳಿದಿದ್ದರೆ ಮೊದಲು ರೋಗಿಗೆ ಹಾಕಿ.

ಹೇಳಲು ಮರೆಯುತ್ತಿದ್ದ ಒಂದು ಮಾತು, ಬಿಸಾಡುವುದು. ಬಳಸಿದ ಮಾಸ್ಕನ್ನು ಕಾಗದದ ಕವರಿನಲ್ಲಿ 72 ಗಂಟೆ ಇಟ್ಟು, ಮತ್ತೆ ಯಾರೂ ತೊಳೆದು ಮಾರದಂತೆ ಕತ್ತರಿಸಿ ಹಾಕಿ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೇಳಿತ್ತು. ಹಸಿ ಕಸದ ಜೊತೆ ಬೆರೆಸಬೇಡಿ. ಬೆರೆಸಿದರೆ ಮಾರನೇ ದಿನ ಬೆಳಗ್ಗೆ ಅದನ್ನು ಕೈಯಿಂದ ಆರಿಸಿ ತೆಗೆಯುವವರು ಪೌರಕಾರ್ಮಿಕರು, ಬಹಳ ಸಲ ಗ್ಲೌಸೂ ಇಲ್ಲದೆ.