ಜರ್ಮನಿ ಅಂದ್ರೆ ಬರೀ ಕಾರಲ್ಲ, ಅದರ ಗಿರಾಕಿ ಬರೀ ಚೀನಾ-ಅಮೆರಿಕ ಅಲ್ಲ

ನಮಸ್ಕಾರ. ಇವತ್ತು ಜರ್ಮನಿ ಬಗ್ಗೆ ಮಾತಾಡೋಣ.

ಎರಡು ಮೂರು ವರ್ಷದಿಂದ ಟಿವಿಯಲ್ಲಿ, ಯೂಟ್ಯೂಬಲ್ಲಿ ಒಂದೇ ಮಾತು ಓಡಾಡ್ತಿದೆ. ಜರ್ಮನಿ ಕಥೆ ಮುಗೀತು, ಅದರ ಕಾರು ಯಾರಿಗೂ ಬೇಡ, ಚೀನಾ ಅದನ್ನ ನುಂಗಿ ನೀರು ಕುಡೀತು ಅಂತ. ಈ ಮಾತಲ್ಲಿ ಸತ್ಯ ಇದೆ, ಆದ್ರೆ ಅರ್ಧ ಮಾತ್ರ. ಉಳಿದರ್ಧ ಕಾಣಬೇಕು ಅಂದ್ರೆ ಆ ದೇಶ ಏನು ಮಾರುತ್ತೆ, ಯಾರಿಗೆ ಮಾರುತ್ತೆ ಅಂತ ಲೆಕ್ಕ ಬಿಚ್ಚಿ ನೋಡ್ಬೇಕು. ಆ ಲೆಕ್ಕ ನೋಡಿದ್ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಜರ್ಮನಿಯ ಬಲ ನಾವು ನೋಡ್ತಿರೋ ಜಾಗದಲ್ಲಿ ಇಲ್ಲ. ಅದರ ದೌರ್ಬಲ್ಯವೂ ನಾವು ಅಂದ್ಕೊಂಡಿರೋ ಜಾಗದಲ್ಲಿ ಇಲ್ಲ.

ಮೊದಲು ಗಾತ್ರ ನೋಡಿ. ಜರ್ಮನಿಯ ಜನಸಂಖ್ಯೆ ಸುಮಾರು 8.4 ಕೋಟಿ. ನಮ್ಮ ಕರ್ನಾಟಕಕ್ಕಿಂತ ಒಂದೂವರೆ ಕೋಟಿಯಷ್ಟು ಹೆಚ್ಚು, ಅಷ್ಟೇ. 2024ರಲ್ಲಿ ಆ ದೇಶ ಹೊರಗೆ ಕಳಿಸಿದ ಸರಕಿನ ಬೆಲೆ ಸುಮಾರು 1.55 ಲಕ್ಷ ಕೋಟಿ ಯೂರೋ. ಇಡೀ ಭಾರತ ಒಂದು ವರ್ಷದಲ್ಲಿ ರಫ್ತು ಮಾಡೋ ಸರಕಿನ ಹೆಚ್ಚೂಕಡಿಮೆ ನಾಲ್ಕು ಪಟ್ಟು. ಚೀನಾ, ಅಮೆರಿಕ ಬಿಟ್ರೆ ಜಗತ್ತಲ್ಲಿ ಮೂರನೇ ಸ್ಥಾನ. 2003ರಿಂದ 2008ರವರೆಗೆ ಮೊದಲ ಸ್ಥಾನವೇ ಜರ್ಮನಿದು. 2009ರಲ್ಲಿ ಚೀನಾ ಆ ಜಾಗಕ್ಕೆ ಬಂತು.

ಏನು ಮಾರ್ತಾರೆ? ಕಾರು ಮತ್ತು ಕಾರಿನ ಬಿಡಿಭಾಗ ಮೊದಲನೇದು, ಒಟ್ಟು ರಫ್ತಿನಲ್ಲಿ ಸುಮಾರು ನೂರಕ್ಕೆ ಹದಿನೇಳು. ಎರಡನೇದು ಯಂತ್ರಗಳು, ನೂರಕ್ಕೆ ಹದಿನಾಲ್ಕರ ಹತ್ತಿರ. ಆಮೇಲೆ ರಾಸಾಯನಿಕ, ಎಲೆಕ್ಟ್ರಾನಿಕ್ಸ್, ಕನ್ನಡಕದ ಗಾಜಿನಿಂದ ಹಿಡಿದು ಸೂಕ್ಷ್ಮದರ್ಶಕದವರೆಗಿನ ದೃಗ್ವಿಜ್ಞಾನದ ಉಪಕರಣಗಳು, ವಿದ್ಯುತ್ ಸಲಕರಣೆ, ಔಷಧ. ಪಟ್ಟಿಯಲ್ಲಿ ಮೊದಲು ಕಾರು ಇರೋದ್ರಿಂದ ಎಲ್ಲರ ಕಣ್ಣೂ ಕಾರಿನ ಮೇಲೆ. ನಾನು ಎರಡನೇ ಸಾಲಿನ ಮೇಲೆ ನಿಲ್ತೀನಿ.

ನಮ್ಮೂರಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕಿಸೋಕೆ ಪ್ರೆಸ್ಸಿಗೆ ಹೋದವರಿಗೆ ಹೈಡಲ್‌ಬರ್ಗ್ ಅನ್ನೋ ಹೆಸರು ಕಿವಿಗೆ ಬಿದ್ದಿರುತ್ತೆ. ಅದು ಜರ್ಮನಿಯ ಒಂದು ಊರು, ಆ ಊರಿನ ಹೆಸರಲ್ಲೇ ಮುದ್ರಣ ಯಂತ್ರ. ರೇಗನ್ಸ್‌ಬುರ್ಗ್ ಪಕ್ಕದ ನೊಯ್‌ಟ್ರಾಬ್ಲಿಂಗ್ ಅನ್ನೋ ಸಣ್ಣ ಊರಲ್ಲಿ ಕ್ರೋನೆಸ್ ಅಂತ ಕಂಪನಿ ಇದೆ. ಜಗತ್ತಿನಾದ್ಯಂತ ನೀರು, ಬಿಯರು, ಜ್ಯೂಸು ಬಾಟಲಿಗೆ ತುಂಬೋ ಯಂತ್ರಗಳನ್ನ ಮಾಡೋ ದೊಡ್ಡ ಕಂಪನಿಗಳಲ್ಲಿ ಅದೊಂದು. ಇವರು ಅಕ್ಕಿ ಮಾರೋರಲ್ಲ, ಗಿರಣಿ ಮಾರೋರು. ಅಕ್ಕಿಯ ಬೆಲೆ ಏರಲಿ ಇಳೀಲಿ, ಗಿರಣಿ ಕೆಟ್ಟಾಗ ರಿಪೇರಿಗೆ, ಬಿಡಿಭಾಗಕ್ಕೆ ಗಿರಾಕಿ ಇವರ ಹತ್ತಿರಾನೇ ಬರ್ಬೇಕು.

ಇದಕ್ಕಿಂತ ದೊಡ್ಡ ಉದಾಹರಣೆ ನೆದರ್ಲೆಂಡ್ಸ್‌ನ ಎಎಸ್‌ಎಂಎಲ್. ಅತ್ಯಂತ ಮುಂದುವರಿದ ಚಿಪ್ ಮಾಡೋಕೆ ಬೇಕಾದ ಇಯುವಿ (ಅತಿ ನೇರಳಾತೀತ ಬೆಳಕಿನ) ಯಂತ್ರವನ್ನ ಜಗತ್ತಲ್ಲಿ ಮಾಡೋ ಕಂಪನಿ ಅದೊಂದೇ. ಆ ಯಂತ್ರದ ಒಳಗೆ ತವರದ ಪುಟಾಣಿ ಹನಿಗಳು ಸೆಕೆಂಡಿಗೆ 50,000ದಂತೆ ಬೀಳ್ತವೆ, ಪ್ರತಿ ಹನಿಗೂ ಲೇಸರ್ ಹೊಡೆತ ಬೀಳುತ್ತೆ, ಅದರಿಂದ ಹುಟ್ಟೋ ಬೆಳಕು ಚಿಪ್ಪಿನ ಮೇಲೆ ಗೆರೆ ಮೂಡಿಸುತ್ತೆ. ಆ ಲೇಸರ್ ಬರೋದು ಸ್ಟುಟ್‌ಗಾರ್ಟ್ ಪಕ್ಕದ ಡಿಟ್ಸಿಂಗೆನ್ ಊರಿನ ಟ್ರುಂಪ್ಫ್ ಕಂಪನಿಯಿಂದ. ಕನ್ನಡಿಗಳು ಬರೋದು ಓಬರ್‌ಕೋಖೆನ್‌ನ ಜೈಸ್‌ನಿಂದ. ಯಂತ್ರಕ್ಕೆ ಹೆಸರು ಡಚ್ಚರದು, ಒಳಗಿನ ಕಣ್ಣೂ ಲೇಸರೂ ಜರ್ಮನರದು. ಎಐ ಅಂತ ನಾವು ದಿನಾ ಕೇಳ್ತೀವಲ್ಲ, ಅದರ ಬುಡದಲ್ಲಿ ಇಂಥ ಎರಡು ಸಣ್ಣ ಊರುಗಳಿವೆ. ಇದನ್ನ ನೋಡಿದವರು ಜರ್ಮನಿ ಮುಗೀತು ಅಂತ ಅಷ್ಟು ಸುಲಭವಾಗಿ ಹೇಳಲ್ಲ.

ಇಲ್ಲೊಂದು ವಿಷಯ ಹೇಳ್ಲೇಬೇಕು, ನಮ್ಮ ಮಲೆನಾಡಿಗೆ ಸಂಬಂಧ ಇದೆ. ಜರ್ಮನಿ ಕಾಫಿ ರಫ್ತು ಮಾಡೋ ದೊಡ್ಡ ದೇಶಗಳಲ್ಲಿ ಒಂದು. ಅಲ್ಲಿ ಒಂದೇ ಒಂದು ಕಾಫಿ ತೋಟ ಇಲ್ಲ! ಹಸಿ ಬೀಜ ಹ್ಯಾಂಬರ್ಗ್, ಬ್ರೆಮೆನ್ ಬಂದರಿಗೆ ಬರುತ್ತೆ. ಹುರಿದು, ಕೆಲವನ್ನ ಕೆಫೀನ್ ತೆಗೆದು, ಪ್ಯಾಕ್ ಮಾಡಿ ಅಕ್ಕಪಕ್ಕದ ದೇಶಗಳಿಗೆ ಮಾರ್ತಾರೆ. ಕೊಡಗು, ಚಿಕ್ಕಮಗಳೂರಿನ ಬೀಜವೂ ಅದರಲ್ಲಿದೆ. ಇಟಲಿಯ ಜೊತೆಗೆ ಜರ್ಮನಿಯೂ ಭಾರತದ ಕಾಫಿಗೆ ದೊಡ್ಡ ಗಿರಾಕಿ. ಗಿಡ ನಮ್ಮದು, ಕೊಯ್ಲಿನ ಬೆವರು ನಮ್ಮದು, ಹೆಚ್ಚಿನ ಲಾಭ ಹುರಿಯೋ ಜಾಗದಲ್ಲಿ. ಬೆಳೆಗಾರರ ಮನೆಯವರಿಗೆ ಇದು ಹೊಸ ವಿಷಯ ಅಲ್ಲ. ಆದ್ರೆ ಸರ್ಕಾರದವರು ಇದನ್ನ ಇನ್ನೂ ಗಂಭೀರವಾಗಿ ತಗೊಂಡಿಲ್ಲ ಅನ್ನೋದು ನನ್ನ ಬೇಸರ.

ಈಗ ಗಿರಾಕಿಗಳ ವಿಚಾರ. 2016ರಿಂದ 2023ರವರೆಗೆ, ಆಮದು-ರಫ್ತು ಎರಡೂ ಸೇರಿಸಿದ್ರೆ, ಜರ್ಮನಿಯ ಅತಿ ದೊಡ್ಡ ವ್ಯಾಪಾರ ಪಾಲುದಾರ ಚೀನಾ. 2024ರಲ್ಲಿ ಅಮೆರಿಕ ಮುಂದೆ ಬಂತು, ಸುಮಾರು 25,300 ಕೋಟಿ ಯೂರೋ ವ್ಯಾಪಾರ. ಚೀನಾ 24,600 ಕೋಟಿಯ ಹತ್ತಿರ ನಿಲ್ತು. 2025ರಲ್ಲಿ ಅಮೆರಿಕದ ಸುಂಕ ಬಿದ್ದ ಮೇಲೆ ಮೊದಲ ಎಂಟು ತಿಂಗಳ ಲೆಕ್ಕದಲ್ಲಿ ಮತ್ತೆ ಚೀನಾ ಮುಂದೆ. ಈ ಓಟದ ಸುದ್ದಿಯೇ ಎಲ್ಲೆಡೆ.

ಆದ್ರೆ ಚೀನಾದ ಜೊತೆಗಿನ ಆ ದೊಡ್ಡ ಮೊತ್ತವನ್ನ ಎರಡು ಭಾಗ ಮಾಡಿ ನೋಡಿ. 2024ರಲ್ಲಿ ಜರ್ಮನಿ ಚೀನಾದಿಂದ ಕೊಂಡಿದ್ದು 15,600 ಕೋಟಿ ಯೂರೋದಷ್ಟು. ಚೀನಾಕ್ಕೆ ಮಾರಿದ್ದು 9,000 ಕೋಟಿ ಮಾತ್ರ. 2022ರಲ್ಲಿ ಮಾರಿದ್ದು ಸುಮಾರು 10,700 ಕೋಟಿ ಇತ್ತು, ಎರಡೇ ವರ್ಷದಲ್ಲಿ ಇಷ್ಟು ಇಳೀತು.

ಇದು ಹೇಗಾಯ್ತು? ಫೋಕ್ಸ್‌ವ್ಯಾಗನ್ 1984ರಲ್ಲೇ ಶಾಂಘೈನಲ್ಲಿ ಚೀನೀ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡಿತ್ತು. ಮುಂದೆ ಒಂದು ಹಂತದಲ್ಲಿ ಆ ಕಂಪನಿ ಮಾರೋ ಹತ್ತು ಕಾರಲ್ಲಿ ನಾಲ್ಕು ಚೀನಾದಲ್ಲೇ ಮಾರಾಟ ಆಗ್ತಿದ್ವು. ಜೊತೆಗೆ ಜರ್ಮನಿಯ ಯಂತ್ರಗಳೂ ಹಡಗು ಹಡಗಾಗಿ ಹೋದ್ವು. ಆ ಯಂತ್ರ ಇಟ್ಟುಕೊಂಡು ಚೀನೀಯರು ಕೆಲಸ ಕಲಿತ್ರು. ಕದ್ದರು ಅಂತ ಬೈಯೋದು ಸುಲಭ. ನಾನು ಬೈಯಲ್ಲ. ಮೂವತ್ತು ನಲವತ್ತು ವರ್ಷ ಕೂತು ಕಲಿತ ಜನ ಅವರು. 2023ರಲ್ಲಿ ಚೀನಾದ ಸ್ವಂತ ಮಾರುಕಟ್ಟೆಯಲ್ಲಿ ಅಲ್ಲಿನದೇ ಕಾರು ಕಂಪನಿ ಬಿವೈಡಿ, ಫೋಕ್ಸ್‌ವ್ಯಾಗನ್ ಬ್ರ್ಯಾಂಡನ್ನ ಹಿಂದೆ ಹಾಕ್ತು. ಅದೇ ವರ್ಷ ಕಾರು ರಫ್ತಿನಲ್ಲಿ ಚೀನಾ ಜಪಾನನ್ನೂ ದಾಟಿ ಜಗತ್ತಿಗೇ ಮೊದಲಾಯ್ತು.

ಇನ್ನೂ ಒಂದು ಪ್ರಸಂಗ. 2024ರ ಅಕ್ಟೋಬರ್‌ನಲ್ಲಿ ಜರ್ಮನಿಯ ಆಗಿನ ಉಪಚಾನ್ಸಲರ್ ರಾಬರ್ಟ್ ಹಾಬೆಕ್ ದೆಹಲಿಗೆ ಬಂದಿದ್ರು. ನಮ್ಮ ಸಚಿವ ಪಿಯೂಷ್ ಗೋಯಲ್ ಮೆಟ್ರೋದಲ್ಲಿ ಅವರ ಜೊತೆ ಹೋಗ್ತಾ ನೇರವಾಗಿ ದೂರು ಹೇಳಿದ್ರು. ಜರ್ಮನ್ ಕಂಪನಿಯೊಂದು ಸುರಂಗ ಕೊರೆಯೋ ಯಂತ್ರಗಳನ್ನ ಚೀನಾದಲ್ಲಿ ತಯಾರಿಸುತ್ತೆ, ಅವನ್ನ ಭಾರತಕ್ಕೆ ಕಳಿಸೋಕೆ ಚೀನಾ ಬಿಡ್ತಿಲ್ಲ ಅಂತ. ಯೋಚನೆ ಮಾಡಿ. ಕಂಪನಿ ಜರ್ಮನಿದು, ದುಡ್ಡು ಕೊಡೋರು ನಾವು, ಬೀಗದ ಕೈ ಮಾತ್ರ ಬೀಜಿಂಗಿನಲ್ಲಿ. ಜರ್ಮನಿಯ ನಿಜವಾದ ತೊಂದರೆ ನನಗೆ ಇಲ್ಲಿ ಕಾಣುತ್ತೆ. ಕಾರು ಮಾರಾಟ ಆಗದೇ ಇರೋದು ಒಂದು ವರ್ಷದ ನಷ್ಟ. ತನ್ನ ಯಂತ್ರ ಯಾರ ಕೈ ಸೇರಬೇಕು ಅಂತ ತೀರ್ಮಾನಿಸೋ ಹಕ್ಕು ಕೈಬಿಟ್ಟು ಹೋಗೋದು ಅದಕ್ಕಿಂತ ಎಷ್ಟೋ ದೊಡ್ಡ ನಷ್ಟ.

ಅಮೆರಿಕದ ಕಥೆ ಬೇರೆ. ರಫ್ತು ಮಾತ್ರ ನೋಡಿದ್ರೆ ಅದೇ ಮೊದಲ ಗಿರಾಕಿ, 2024ರಲ್ಲಿ ಸುಮಾರು 16,100 ಕೋಟಿ ಯೂರೋ. ಕೊಂಡಿದ್ದಕ್ಕಿಂತ ಮಾರಿದ್ದು 7,000 ಕೋಟಿ ಯೂರೋದಷ್ಟು ಹೆಚ್ಚು. ಟ್ರಂಪ್ ಅವರ ಸಿಟ್ಟು ಇದರ ಮೇಲೇ. 2025ರ ಏಪ್ರಿಲ್‌ನಲ್ಲಿ ಹೊರಗಿನ ಕಾರುಗಳ ಮೇಲೆ ಶೇ 25 ಹೆಚ್ಚುವರಿ ಸುಂಕ ಹಾಕಿದ್ರು. ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ಜೊತೆ ಶೇ 15ಕ್ಕೆ ಒಪ್ಪಂದ ಆಯ್ತು. ಆದ್ರೆ ಬಿಎಂಡಬ್ಲ್ಯು ತೊಂಬತ್ತರ ದಶಕದಿಂದಲೂ ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗಲ್ಲಿ ಕಾರು ಮಾಡ್ತಿದೆ, ಅಲ್ಲಿಂದ ಜಗತ್ತಿಗೆಲ್ಲ ಕಳಿಸುತ್ತೆ. ಒಟ್ಟು ಬೆಲೆಯ ಲೆಕ್ಕದಲ್ಲಿ ಅಮೆರಿಕದಿಂದ ಅತಿ ಹೆಚ್ಚು ಕಾರು ರಫ್ತು ಮಾಡೋ ಕಂಪನಿ ಅಂದ್ರೆ ಜರ್ಮನಿಯ ಬಿಎಂಡಬ್ಲ್ಯುನೇ. ಸುಂಕದ ಜಗಳದಲ್ಲಿ ಈ ಮಾತನ್ನ ಯಾರೂ ಎತ್ತಲ್ಲ.

ಈಗ ಯಾರೂ ಹೆಚ್ಚು ಮಾತಾಡದ ಗಿರಾಕಿಗಳಿಗೆ ಬರೋಣ. ಜರ್ಮನಿಯ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ ಐವತ್ತನಾಲ್ಕರಷ್ಟು, ಯುರೋಪಿಯನ್ ಒಕ್ಕೂಟದ ಒಳಗೇ ಹೋಗುತ್ತೆ. ಫ್ರಾನ್ಸ್, ನೆದರ್ಲೆಂಡ್ಸ್, ಪೋಲೆಂಡ್, ಇಟಲಿ, ಆಸ್ಟ್ರಿಯಾ. 2024ರಲ್ಲಿ ಪೋಲೆಂಡ್ ಕೊಂಡ ಜರ್ಮನ್ ಸರಕು ಚೀನಾ ಕೊಂಡದ್ದಕ್ಕಿಂತ ಹೆಚ್ಚು. 140 ಕೋಟಿ ಜನರ ದೇಶ ಕೊಂಡಿದ್ದಕ್ಕಿಂತ ನಾಲ್ಕು ಕೋಟಿಯೂ ಇಲ್ಲದ ಪಕ್ಕದ ದೇಶ ಕೊಂಡಿದ್ದು ಹೆಚ್ಚು! ಇದು ಮುಖ್ಯ ಸುದ್ದಿ ಆಗ್ಬೇಕಿತ್ತು, ಆಗ್ಲಿಲ್ಲ.

ಈ ವ್ಯಾಪಾರದ ಬಗೆಯೂ ಬೇರೆ. ಪೋರ್ಷೆಯ ಕಯೆನ್ ಕಾರು ಜೋಡಣೆ ಆಗೋದು ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ. ಔಡಿಯ ಎಂಜಿನ್ ಕಾರ್ಖಾನೆ ಹಂಗೇರಿಯ ಗ್ಯೋರ್‌ನಲ್ಲಿ. ಚೆಕ್ ದೇಶದ ಸ್ಕೋಡಾ ಇರೋದು ಫೋಕ್ಸ್‌ವ್ಯಾಗನ್ ಕೈಯಲ್ಲಿ. ಒಂದು ಬಿಡಿಭಾಗ ಗಡಿ ದಾಟಿ ಹೋಗಿ, ಇನ್ನೊಂದಕ್ಕೆ ಜೋಡಣೆಯಾಗಿ, ಮತ್ತೆ ಗಡಿ ದಾಟಿ ವಾಪಸ್ ಬರುತ್ತೆ. ಸುಂಕ ಇಲ್ಲ. ರಾತ್ರಿ ಹೊರಟ ಲಾರಿ ಬೆಳಗ್ಗೆ ಕಾರ್ಖಾನೆ ಬಾಗಿಲಲ್ಲಿ. ಜರ್ಮನಿಯನ್ನ ಹಿಡಿದು ನಿಲ್ಲಿಸಿರೋದು ಈ ನೆರೆಹೊರೆ. ಬರ್ಲಿನ್ನಿನ ರಾಜಕಾರಣಿಗಳು ಬೀಜಿಂಗಿಗೆ ನಿಯೋಗ ಕರ್ಕೊಂಡು ಹೋದಷ್ಟು ಉತ್ಸಾಹದಿಂದ ಪೋಲೆಂಡಿನ ವಾರ್ಸಾಗೆ ಹೋಗಿದ್ರೆ ಇವತ್ತಿನ ಪರಿಸ್ಥಿತಿ ಇನ್ನೂ ಚೆನ್ನಾಗಿರ್ತಿತ್ತು ಅಂತ ನಾನು ನಂಬ್ತೀನಿ.

ನನಗೆ ನಿಜಕ್ಕೂ ಸಿಟ್ಟು ಬರೋ ವಿಷಯ ಇನ್ನೊಂದಿದೆ. ವರ್ಷಗಟ್ಟಲೆ ಜರ್ಮನಿ ಕೊಂಡಿದ್ದಕ್ಕಿಂತ ಮಾರಿದ್ದು ಹೆಚ್ಚು. ಅಷ್ಟು ದುಡ್ಡು ಬಂದಾಗ ಅದನ್ನ ಮನೆಯೊಳಗೆ ಖರ್ಚು ಮಾಡ್ಲಿಲ್ಲ. 2009ರಲ್ಲಿ ಸರ್ಕಾರ ಸಾಲ ಮಾಡೋದಕ್ಕೆ ಸಂವಿಧಾನದಲ್ಲೇ ಕಡಿವಾಣ ಹಾಕಿದ್ರು. ಸೇತುವೆ, ರೈಲು, ಶಾಲೆ ಎಲ್ಲ ಹಳೇದಾಯ್ತು. ಲ್ಯೂಡನ್‌ಶೈಡ್ ಅಂತ ಒಂದು ಪಟ್ಟಣ, ಸುತ್ತಮುತ್ತ ರಫ್ತು ಮಾಡೋ ಸಣ್ಣ ಮಧ್ಯಮ ಕಾರ್ಖಾನೆಗಳೇ. ಪಕ್ಕದ 45ನೇ ಹೆದ್ದಾರಿಯ ರಾಮೆಡೆ ಸೇತುವೆ ಭಾರ ತಡೆಯಲ್ಲ ಅಂತ 2021ರ ಡಿಸೆಂಬರ್‌ನಲ್ಲಿ ಮುಚ್ಚಿದ್ರು. 2023ರ ಮೇನಲ್ಲಿ ಸ್ಫೋಟಕ ಇಟ್ಟು ಕೆಡವಿದ್ರು. ಹೆದ್ದಾರಿಯ ಲಾರಿಗಳೆಲ್ಲ ಪಟ್ಟಣದ ಬೀದಿಗೆ ನುಗ್ಗಿದ್ವು. ಜಗತ್ತಿಗೇ ಯಂತ್ರ ಮಾರೋ ಊರಿನ ಜನ ತಮ್ಮ ಮನೆ ಕಿಟಕಿ ತೆಗೆಯೋಕಾಗದಷ್ಟು ಲಾರಿ ಸದ್ದು ಸಹಿಸಬೇಕಾಯ್ತು. 2025ರ ಮಾರ್ಚ್‌ನಲ್ಲಿ ಆ ಕಡಿವಾಣ ಸಡಿಲಿಸಿ 50,000 ಕೋಟಿ ಯೂರೋ ಮೂಲಸೌಕರ್ಯ ನಿಧಿಗೆ ಒಪ್ಪಿಗೆ ಕೊಟ್ರು. ಹದಿನೈದು ವರ್ಷ ತಡ.

ಗ್ಯಾಸಿನದೂ ಇದೇ ಹಣೆಬರಹ. 2021ರಲ್ಲಿ ಆಮದು ಗ್ಯಾಸಿನ ಅರ್ಧಕ್ಕಿಂತ ಹೆಚ್ಚು ರಷ್ಯಾದಿಂದ ಬರ್ತಿತ್ತು. ಉಕ್ರೇನ್ ಯುದ್ಧ ಶುರುವಾಗಿ ಅದು ನಿಂತಾಗ ಮೊದಲು ಏಟು ತಿಂದಿದ್ದು ರಾಸಾಯನಿಕ ಉದ್ಯಮ. ಲುಡ್ವಿಗ್ಸ್‌ಹಾಫೆನ್‌ನ ಬಿಎಎಸ್‌ಎಫ್ ತನ್ನ ಒಂದು ಅಮೋನಿಯಾ ಘಟಕ ಮುಚ್ತು, ಅತ್ತ ಚೀನಾದ ಝಾನ್‌ಜಿಯಾಂಗಲ್ಲಿ 1,000 ಕೋಟಿ ಯೂರೋ ಹೂಡೋ ಕೆಲಸ ಮುಂದುವರಿಸ್ತು. ಫೋಕ್ಸ್‌ವ್ಯಾಗನ್ 2030ರೊಳಗೆ 35,000 ಕೆಲಸ ಕಡಿಮೆ ಮಾಡೋದಾಗಿ 2024ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಂಘದ ಜೊತೆ ಒಪ್ಪಂದ ಮಾಡ್ಕೊಂಡಿದೆ. ಪಟ್ಟಿಯಲ್ಲಿ ಇದೆಲ್ಲ ಅಂಕಿ. ವುಲ್ಫ್ಸ್‌ಬುರ್ಗ್‌ನಂಥ ಊರಲ್ಲಿ ಅಪ್ಪ, ಮಗ ಇಬ್ಬರೂ ಅದೇ ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಗೇಟಿನಿಂದ ಒಳಗೆ ಹೋದ ಮನೆಗಳಿವೆ.

ನಮಗೇನು ಸಂಬಂಧ ಅಂತೀರಾ? ಬೆಂಗಳೂರಿನವರಿಗೆ ಆಡುಗೋಡಿಯ ಮೈಕೋ ಗೊತ್ತು, ಜರ್ಮನಿಯ ಬಾಷ್ ಕಂಪನಿದು. ಬಾಷ್ ಅಂತ ಹೆಸರು ಬದಲಾದ್ರೂ ಹಿರಿಯರ ಬಾಯಲ್ಲಿ ಇವತ್ತಿಗೂ ಮೈಕೋನೇ. ಆದ್ರೂ ಇಡೀ ಭಾರತ-ಜರ್ಮನಿ ಸರಕು ವ್ಯಾಪಾರ 2024ರಲ್ಲಿ 3,100 ಕೋಟಿ ಯೂರೋದ ಆಸುಪಾಸು. ಚೀನಾದ ಜೊತೆಗಿನದರ ಎಂಟನೇ ಒಂದು ಭಾಗ. 2007ರಲ್ಲಿ ಶುರುವಾಗಿ ಮಧ್ಯೆ ವರ್ಷಗಟ್ಟಲೆ ನಿಂತುಹೋಗಿದ್ದ ಭಾರತ-ಯುರೋಪ್ ಮುಕ್ತ ವ್ಯಾಪಾರದ ಮಾತುಕತೆ 2026ರ ಜನವರಿಯಲ್ಲಿ ಮುಗೀತು. ನಮ್ಮಲ್ಲಿ ಚರ್ಚೆ ಆಗಿದ್ದೆಲ್ಲ ಬೆಂಜ್, ಬಿಎಂಡಬ್ಲ್ಯು ಎಷ್ಟು ಅಗ್ಗ ಆಗುತ್ತೆ ಅಂತ. ಅದು ಕೆಲವರ ಪ್ರಶ್ನೆ. ಪೀಣ್ಯದಲ್ಲಿ ವರ್ಕ್‌ಶಾಪ್ ನಡೆಸೋರಿಗೆ, ಬೆಳಗಾವಿಯಲ್ಲಿ ಫೌಂಡ್ರಿ ಇಟ್ಟೋರಿಗೆ ಮುಖ್ಯ ಆಗೋದು ಯಂತ್ರದ ಮೇಲಿನ ಸುಂಕ. ಜರ್ಮನ್ ಯಂತ್ರ ಅಗ್ಗ ಆದ್ರೆ ಅವರ ಕೆಲಸದ ಗುಣಮಟ್ಟ ಏರುತ್ತೆ. ಅದೇ ಹೊತ್ತಿಗೆ ಬೆಂಗಳೂರಿನಲ್ಲೇ ಮಷಿನ್ ಟೂಲ್ ಮಾಡೋ ನಮ್ಮ ಕಂಪನಿಗಳಿಗೆ ಪೈಪೋಟಿ ಬಿಗಿಯಾಗುತ್ತೆ. ನನ್ನ ನಿಲುವು ಸ್ಪಷ್ಟ: ಯಂತ್ರ ಬರಲಿ. ಆದ್ರೆ ಯಂತ್ರದ ಜೊತೆ ತರಬೇತಿ, ಇಲ್ಲೇ ಸರ್ವಿಸ್, ಇಲ್ಲೇ ಬಿಡಿಭಾಗ ತಯಾರಿಕೆ ಬರೋ ಹಾಗೆ ರಾಜ್ಯ ಸರ್ಕಾರ ಈಗಲೇ ಕೂತು ಮಾತಾಡ್ಬೇಕು. ಬವೇರಿಯಾ ರಾಜ್ಯದ ಜೊತೆ ಕರ್ನಾಟಕಕ್ಕೆ 2007ರಿಂದ ಸಹಭಾಗಿತ್ವ ಇದೆ. ಅದು ಬರೀ ನಿಯೋಗಗಳ ಫೋಟೋಗೆ ಸೀಮಿತ ಆಗ್ಬಾರದು.

ನಿಮ್ಮಲ್ಲಿ ಜರ್ಮನ್ ಯಂತ್ರ ಇಟ್ಟುಕೊಂಡು ಕೆಲಸ ಮಾಡೋರು ಇದ್ರೆ ದಯವಿಟ್ಟು ಬರೀರಿ. ಯಂತ್ರ ನಿಂತಾಗ ಸರ್ವಿಸ್ ಎಂಜಿನಿಯರ್ ಎಲ್ಲಿಂದ ಬರ್ತಾರೆ, ಬಿಡಿಭಾಗ ಕೈಗೆ ಸಿಗೋಕೆ ಎಷ್ಟು ದಿನ ಹಿಡಿಯುತ್ತೆ, ಅದನ್ನೇ ಇಲ್ಲಿ ಮಾಡಿಸೋಕೆ ನೋಡಿದ್ರೆ ಎಲ್ಲಿ ಅಡ್ಡಿ ಬರುತ್ತೆ ಅಂತ. ಮುಂದಿನ ಸಂಚಿಕೆಯನ್ನ ಆ ಉತ್ತರಗಳ ಮೇಲೇ ಮಾಡ್ತೀನಿ.